ಅರವತ್ತನಾಲ್ಕು ಕೋರಿನ ಸರ್ವರ್

ಯಾವ ವಸ್ತುವನ್ನಾದರೂ ಒಂದೇ ಒಂದು ಕೊಂಡು ತರುವುದು ಅವನ ಜಾಯಮಾನಕ್ಕೆ ಒಗ್ಗದ ಕೆಲಸ. ಸೋಪು ತರಲು ಹೋದರೆ ಪೆಟ್ಟಿಗೆಯೇ ಬರುತ್ತಿತ್ತು. ಹಲ್ಲುಜ್ಜುವ ಬ್ರಷ್ಷು ತರಲು ಹೋದರೆ, ಮನೆಯ ಮೂವರ ಜೊತೆಗೆ ಇನ್ನೂ ಹುಟ್ಟಬೇಕಾದವರನ್ನೂ ಲೆಕ್ಕಕ್ಕೆ ಹಿಡಿದಂತೆ ಒಂದು ಕಟ್ಟು ಬರುತ್ತಿತ್ತು. ಒಮ್ಮೆ ಪೊರಕೆಗಳೂ ಹಾಗೆಯೇ ಬಂದಾಗ ಅವನ ತಾಯಿ ಅವನ್ನು ಬಾಗಿಲ ಸಂದಿಯಲ್ಲಿ ಸಾಲಾಗಿ ನಿಲ್ಲಿಸಿ, “ಯಾರನ್ನ ಓಡಿಸೋಕೋ ಇಷ್ಟೊಂದು?” ಎಂದು ಕೇಳಿದ್ದರು.

“ಡಜನ್‌ಗಟ್ಟಲೆ ತಗೊಂಡ್ರೆ ಅಗ್ಗ ಅಮ್ಮ.”

ಈ ಒಂದು ಮಾತಿನ ದೆಸೆಯಿಂದ ಅವನಿಗೆ ತಾನು ವಾಸವಿದ್ದ ಕಟ್ಟಡದಲ್ಲಿ ‘ಡಜನಪ್ಪ’ ಎಂಬ ಬಿರುದು ಪ್ರಾಪ್ತವಾಗಿತ್ತು. (ಹೆತ್ತವರು ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.) ಅವನಿಗೇನೂ ಬೇಸರವಿರಲಿಲ್ಲ. ನೆಲಕ್ಕೆ ಹಾಸುವ ಟೈಲ್ಸ್ ಮಾರುವ ಕಂಪನಿಯೊಂದರಲ್ಲಿ ಅವನು ಖರೀದಿ ವಿಭಾಗದವನು. ಬೆಲೆ ಎನ್ನುವುದು ಬಗ್ಗಿಸಲಿಕ್ಕೆಂದೇ ಹುಟ್ಟಿದ ವಸ್ತು ಎಂದು ಅವನು ಮನಸಾರೆ ನಂಬಿದ್ದ.

ಅವನ ಹೆಂಡತಿ ಚಿತ್ರಗಳಿಗೆ ನಡೆಯಲು ಕಲಿಸುವವಳು. ಹಿಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಅವಳ ಮೇಜು, ಮೇಜಿನ ಮೇಲೊಂದು ಕಂಪ್ಯೂಟರು. ಹೊಟ್ಟೆಪಾಡಿಗಾಗಿ ಅವಳು ಅಂಗಡಿಗಳ ಜಾಹೀರಾತಿನಲ್ಲಿ ಕುಕ್ಕರುಗಳನ್ನು ತಿರುಗಿಸಿದ್ದಳು, ಚಪ್ಪಲಿಗಳನ್ನು ಕುಣಿಸಿದ್ದಳು, ಒಂದು ಸಲ ನಗುವ ಕಮೋಡನ್ನೂ ಮಾಡಿಕೊಟ್ಟಿದ್ದಳು. ಈಗ ಮಕ್ಕಳ ಚಾನೆಲ್ಲೊಂದು, ‘ನಿಮ್ಮದೇ ಒಂದು ಪುಟ್ಟ ಚಿತ್ರ ಮಾಡಿ ತಿಂಗಳ ಕೊನೆಯೊಳಗೆ ಕಳಿಸಿ, ಹಿಡಿಸಿದರೆ ಸರಣಿ ಮಾಡೋಣ’ ಎಂದಿತ್ತು. ಕುಕ್ಕರುಗಳಿಂದ ಬಿಡುಗಡೆ ಪಡೆಯಲು ಅವಳ ಪಾಲಿಗೆ ತೆರೆದ ಬಾಗಿಲು ಅದೊಂದೇ.

ಅವಳು ಒಂದು ಅಳಿಲಿನ ಕಥೆ ಮಾಡಿದಳು. ತನ್ನ ಬಾಲವನ್ನೇ ಕಂಡು, ಯಾರೋ ಬೆನ್ನಟ್ಟಿ ಬರುತ್ತಿದ್ದಾರೆಂದು ಹೆದರಿ ಊರೆಲ್ಲ ಓಡುವ ಅಳಿಲು. ಚಿತ್ರದ ಹೆಸರು ‘ಹಿಂಬಾಲ’. ಬೆಳಗಿನ ಬಿಸಿಲು ಬಾಲದ ಒಂದೊಂದು ಕೂದಲ ಮೇಲೂ ಬೇರೆ ಬೇರೆಯಾಗಿ ಬೀಳುವುದನ್ನು ಅವಳು ಎಷ್ಟು ಚೆಂದ ಮಾಡಿದ್ದಳೆಂದರೆ, ತೆರೆಯ ಮೇಲೆ ಕೈಯಿಟ್ಟರೆ ಬೆಚ್ಚಗೆ ತಗುಲೀತು ಅನ್ನಿಸುತ್ತಿತ್ತು. ಆದರೆ ಅಷ್ಟೂ ಕೂದಲನ್ನು, ಅದರ ನೆರಳನ್ನು ಕಂಪ್ಯೂಟರು ಲೆಕ್ಕ ಹಾಕಿ ಚಿತ್ರ ಬಿಡಿಸಬೇಕಲ್ಲ! ಒಂದು ಬಿಡಿ ಚಿತ್ರ ಮುಗಿಯುವಷ್ಟರಲ್ಲಿ ಅತ್ತೆ ಒಂದು ಸೀರೆಗೆ ಇಸ್ತ್ರಿ ಮಾಡಿ ಮಡಿಸಿಡುತ್ತಿದ್ದರು. ಅಂಥ ಹತ್ತಾರು ಚಿತ್ರಗಳು ಸೇರಿದರೆ ಅಳಿಲು ನಾಲ್ಕು ಹೆಜ್ಜೆ ಓಡೀತು; ಇಡೀ ಸಿನಿಮಾಕ್ಕೆ ಅಂಥವು ಸಾವಿರಾರು ಬೇಕು.

“ಬಾಲಕ್ಕೊಂದು ಕ್ಷೌರ ಮಾಡಿಸಿಬಿಡು” ಎಂದ ಡಜನಪ್ಪ.

“ಜಡೆ ಹಾಕ್ಬಿಡಮ್ಮ, ಕೂದಲು ಎಣಿಸೋ ತಾಪತ್ರಯ ಇರಲ್ಲ” ಎಂದರು ಅತ್ತೆ.

“ಈ ಕಂಪ್ಯೂಟರಿನ ಚಿಪ್ಪಿಗೆ ಇರೋದೇ ಎಂಟು ಕೋರ್ ಅತ್ತೆ. ಅಂದ್ರೆ, ಎಂಟು ಜನ ಕೂತು ಲೆಕ್ಕ ಮಾಡಿದ ಹಾಗೆ. ಅರವತ್ತನಾಲ್ಕು ಕೋರಿನ ಸರ್ವರ್ ಇದ್ದಿದ್ರೆ ಎಷ್ಟೋ ಬೇಗ ಮುಗೀತಿತ್ತು.”

“ಸರ್ವರ್ ಯಾಕಮ್ಮ? ಮೂರು ಜನಕ್ಕೆ ನಾನೇ ಬಡಿಸ್ತೀನಲ್ಲ!”

ಹೋಟೆಲಿನ ಸರ್ವರ್ ಅಲ್ಲ, ಇದು ಯಂತ್ರ, ದೊಡ್ಡ ಕಂಪನಿಗಳಲ್ಲಿ ಇರುತ್ತೆ ಎಂದು ಸೊಸೆ ವಿವರಿಸಿದಳು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಅರವತ್ನಾಲ್ಕು ಕೋರೆ ಇದ್ರೆ ರಾಕ್ಷಸನೇ ಇರ್ಬೇಕು” ಎಂದು ಒಪ್ಪಿಕೊಂಡರು.

ಡಜನಪ್ಪನ ಕಿವಿಗೆ ಬಿದ್ದದ್ದು ಮಾತ್ರ ಅರವತ್ತನಾಲ್ಕು ಎಂಬ ಸಂಖ್ಯೆ. ಐದು ಡಜನ್, ಮೇಲೆ ನಾಲ್ಕು! ಅವನ ಕಣ್ಣು ಹೊಳೆಯಿತು. “ನಡಿ, ರೇಟು ನಾನು ಮಾತಾಡ್ತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡ.

ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದಾಕೆ ಕೊರಳಲ್ಲಿ ಕನ್ನಡಕ ನೇತುಹಾಕಿಕೊಂಡ, ಯಾವ ಗಿರಾಕಿಗೂ ಜಗ್ಗದ ಹೆಂಗಸು. ಎಂಟು ಕೋರಿನ ಮಾಮೂಲಿ ಚಿಪ್ಪಿನ ಬೆಲೆ ಹೇಳಿದಳು. ಡಜನಪ್ಪ ಮನಸ್ಸಿನಲ್ಲೇ ಅದನ್ನು ಎಂಟರಿಂದ ಗುಣಿಸಿ, ಸಗಟು ಖರೀದಿಯ ರಿಯಾಯಿತಿ ಕಳೆದು, ಮುಗುಳ್ನಕ್ಕು ಕಾದ. ಅರವತ್ತನಾಲ್ಕು ಕೋರಿನದರ ಬೆಲೆ ಕೇಳಿದ ಮೇಲೆ ಆ ಮುಗುಳ್ನಗೆಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅಷ್ಟು ದುಡ್ಡಿಗೆ ಬಾಗಿಲು, ಚಕ್ರ, ಹಾರನ್ನುಗಳ ಸಮೇತ ಒಂದು ಹಳೇ ಕಾರು ಬರುತ್ತಿತ್ತು.

“ಮೇಡಂ, ಎಲ್ಲೋ ತಪ್ಪಾಗಿದೆ. ಜಾಸ್ತಿ ತಗೊಂಡ್ರೆ ಒಂದೊಂದರ ಬೆಲೆ ಇಳೀಬೇಕು. ನಿಮ್ಮಲ್ಲಿ ಏರ್ತಾ ಇದೆ!”

“ನೀವೇನು ಕೆಲಸ ಮಾಡ್ತೀರಿ ಸಾರ್?”

“ಟೈಲ್ಸ್ ಕಂಪನೀಲಿ.”

“ಹಾಗಾದ್ರೆ ನೀವೇ ಹೇಳಿ. ಒಂದಡಿಯ ಟೈಲ್ಸ್ ಹತ್ತು ಜೋಡಿಸಿದ್ರೆ ಎಷ್ಟಾಗತ್ತೆ? ಅಷ್ಟೇ ಅಗಲದ್ದು, ಒಂದೇ ಕಲ್ಲು, ಬಿರುಕಿಲ್ಲ, ಕಲೆ ಇಲ್ಲ ಅಂದ್ರೆ ಎಷ್ಟಾಗತ್ತೆ?”

ಇದು ಡಜನಪ್ಪನದೇ ಮಾತು. ದಿನಾ ಗಿರಾಕಿಗಳಿಗೆ ಅವನ ಕಂಪನಿ ಹೇಳುವ ಮಾತು.

“ಮೇಲಾಗಿ ಇದು ವರ್ಷಗಟ್ಟಲೆ ರಾತ್ರಿ ಹಗಲು ನಿಲ್ಲದೆ ದುಡೀಬೇಕು. ಜೊತೆಗೆ ಹಾಕೋ ಮೆಮೊರಿ ತನ್ನ ತಪ್ಪನ್ನ ತಾನೇ ಕಂಡುಹಿಡಿದು ತಿದ್ಕೊಳ್ಳತ್ತೆ. ಕೊಳ್ಳೋರೂ ಬ್ಯಾಂಕಿನೋರು, ದೊಡ್ಡ ದೊಡ್ಡ ಕಂಪನಿಯೋರು. ಅವ್ರು ನಿಮ್ಮ ಹಾಗೆ ಚೌಕಾಸಿ ಮಾಡಲ್ಲ.”

“ತನ್ನ ತಪ್ಪು ತಾನೇ ತಿದ್ಕೊಳ್ಳತ್ತಾ?” ಹೆಂಡತಿ ಗಂಡನ ಕಡೆ ಒಮ್ಮೆ ನೋಡಿದಳು. “ಹಾಗಿದ್ರೆ ಆ ಬೆಲೆ ಹೆಚ್ಚೇನಲ್ಲ.”

ಜಾಹೀರಾತುಗಳಿಂದ ಉಳಿಸಿದ ಅವಳ ಹಣಕ್ಕೆ ಮಾಮೂಲಿ ಕಂಪ್ಯೂಟರು ಇನ್ನೊಂದು ಬರುತ್ತಿತ್ತು. ಅದನ್ನೇ ಕೊಳ್ಳೋಣ, ಬಾಲದ ಕೂದಲು ಸ್ವಲ್ಪ ಕಡಿಮೆ ಮಾಡಿದರೆ ಹೇಗೋ ಮುಗಿದೀತು ಎಂದು ಅವಳು ಯೋಚಿಸುತ್ತಿದ್ದಳು. ಆದರೆ ಡಜನಪ್ಪನ ವೃತ್ತಿಗೌರವಕ್ಕೆ ಪೆಟ್ಟು ಬಿದ್ದಿತ್ತು. “ಆ ಹಣ ನನ್ನ ಕೈಲಿ ಕೊಡು. ಎರಡೇ ದಿನ. ಅದೇ ಸರ್ವರ್ ತಂದು ನಿನ್ನ ಮುಂದೆ ಇಡದಿದ್ರೆ ಕೇಳು” ಎಂದ. ಅವಳು ಕೊಟ್ಟಳು. ಅವನು ಹಾಗೆ ಮೀಸೆಯಂಚಿನಲ್ಲಿ ನಗುವಾಗ ಅವಳಿಗೆ ಯಾವತ್ತೂ ಇಲ್ಲವೆನ್ನಲು ಬರುತ್ತಿರಲಿಲ್ಲ.

ಮಾತಿಗೆ ತಪ್ಪದೆ ಅವನು ತಂದ. ಯಾವುದೋ ಕಂಪನಿ ಬಿಚ್ಚಿ ಎಸೆದ ಯಂತ್ರಗಳನ್ನು ಮಾರುವ ಹಳೇ ಮಾಲಿನ ವ್ಯಾಪಾರಿಯೊಬ್ಬ ಸಿಕ್ಕಿದ್ದ. ಅರ್ಧ ದಿನ ವಾದ ಮಾಡಿ, ಎರಡು ಸಲ ಎದ್ದು ಹೋದಂತೆ ಮಾಡಿ, ಎರಡು ಸಲ ಕರೆಸಿಕೊಂಡು, ಡಜನಪ್ಪ ಗೆದ್ದಿದ್ದ. ಕೈಯಲ್ಲಿದ್ದ ಪೊಟ್ಟಣವನ್ನು ಬಿಚ್ಚಿ, ಬಂಗಾರದ ಚುಕ್ಕೆಗಳ ಎರಡು ಅಗಲವಾದ ಚಿಪ್ಪುಗಳನ್ನು ಮೇಜಿನ ಮೇಲಿಟ್ಟ.

“ಎರಡು ಯಾಕ್ರೀ?”

“ಎರಡು ತಗೊಂಡಿದ್ದಕ್ಕೇ ಈ ರೇಟು!”

ಹೆಂಡತಿ ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡನ್ನು ಬಿಚ್ಚಿದಳು. ಒಳಗೆ ಚಿಪ್ಪು ಕೂರುವ ಜಾಗ ಅಂಚೆ ಚೀಟಿಯಷ್ಟಿತ್ತು. ಗಂಡ ತಂದದ್ದು ಅಂಗೈಯಷ್ಟಿತ್ತು. ಅಂಗನವಾಡಿಯ ಕುರ್ಚಿಯಲ್ಲಿ ಪೈಲ್ವಾನನನ್ನು ಕೂರಿಸಿದ ಹಾಗೆ.

“ಇದಕ್ಕೆ ಬೇರೆ ಬೋರ್ಡು ಬೇಕು” ಎಂದಳು ಮೆಲ್ಲಗೆ. “ಬೇರೆ ಮೆಮೊರಿ ಬೇಕು. ಬೇರೆ ಫ್ಯಾನು, ಬೇರೆ ಡಬ್ಬಿ. ಅವೆಲ್ಲ ಸೇರಿದ್ರೆ ಈ ಚಿಪ್ಪಿಗಿಂತ ಎಷ್ಟೋ ಹೆಚ್ಚು.”

ಅತ್ತೆ ಬಗ್ಗಿ ನೋಡಿದರು. “ಅಂದ್ರೆ ಸರ್ವರ್ ಬಂದಿದ್ದಾನೆ, ಅವನಿಗೆ ಹೋಟೆಲ್ಲೇ ಇಲ್ಲ ಅನ್ನು.”

ಡಜನಪ್ಪ ವ್ಯಾಪಾರಿಗೆ ಫೋನು ಮಾಡಿದ. ಮಾರಿದ ಮಾಲು ವಾಪಸಿಲ್ಲ ಎಂದು ಆತ ಬಹಳ ಪ್ರೀತಿಯಿಂದ ಹೇಳಿದ. ಅಷ್ಟು ಓಡಾಡಿ, ಅಷ್ಟು ವಾದ ಮಾಡಿ, ಕೊನೆಗೆ ಹೆಂಡತಿಯ ಕೈಗೆ ಅವನು ಕೊಟ್ಟದ್ದು ಅಕ್ಷರಶಃ ಚಿಪ್ಪು.

ಅವಳು ರೇಗಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ರೇಗಲಿಲ್ಲ. ಕಿಟಕಿಯ ಬಳಿ ಕೂತು ಪೆನ್ಸಿಲ್ಲಿನಿಂದ ಅಳಿಲಿನ ಬಾಲವನ್ನು ಮತ್ತೆ ಬರೆಯತೊಡಗಿದಳು. ಈ ಸಲ ಕೂದಲು ಇಷ್ಟಿಷ್ಟೇ ಇತ್ತು. ಸವೆದುಹೋದ ಬ್ರಷ್ಷಿನ ಹಾಗೆ. ಸಂಜೆಯ ಬೆಳಕು ಕಾಗದದ ಮೇಲಿಂದ ಸರಿದು ಗೋಡೆಗೆ ಹೋಯಿತು, ಅವಳು ತಲೆಯೆತ್ತಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಜನಪ್ಪನಿಗೆ, ತಾನು ಕತ್ತರಿಸಿದ್ದು ಅಳಿಲಿನ ಬಾಲವನ್ನಲ್ಲ ಎಂದು ಅರ್ಥವಾಯಿತು.

ಮರುದಿನ ಅವನು ರಜೆ ಹಾಕಿ, ಚಿಪ್ಪುಗಳನ್ನು ಜೇಬಿಗಿಳಿಸಿಕೊಂಡು ಕಟ್ಟಡದ ಮನೆಮನೆಯ ಗಂಟೆ ಒತ್ತಿದ. ಹೇಗಾದರೂ ಮಾರಿ ಅವಳ ಹಣ ಅವಳಿಗೆ ಮುಟ್ಟಿಸಬೇಕು. ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು, ಬಂಗಾರದ ಹಲ್ಲು ಎಷ್ಟಾದೀತು ಎಂದು ಅಂದಾಜು ಮಾಡಿ ಹಿಂದಿರುಗಿಸಿದರು. ಮೇಲ್ಮಹಡಿಯ ಗಣಿತದ ಮೇಷ್ಟ್ರು ಅರವತ್ತನಾಲ್ಕು ಎರಡರ ಆರನೇ ಘಾತ ಎಂಬುದನ್ನು ಚಹಾ ತಣ್ಣಗಾಗುವವರೆಗೆ ವಿವರಿಸಿದರೇ ಹೊರತು ಕೊಳ್ಳಲಿಲ್ಲ. “ಎರಡು ತಗೊಂಡ್ರೆ ರಿಯಾಯಿತಿ ಇದೆ” ಎಂದು ಅವನು ಹೇಳಿದಲ್ಲೆಲ್ಲ ಜನ ಬಾಗಿಲು ಮುಚ್ಚಿಕೊಂಡೇ ನಕ್ಕರು.

ಸೋತು ಮನೆಗೆ ಬಂದವನೇ ಕುರ್ಚಿಗೆ ಬಿದ್ದು ಗೊಣಗಿದ. “ಎಂಥಾ ಜನ ಕಣೇ! ಒಬ್ಬೊಬ್ಬರ ಮನೇಲೂ ಕಂಪ್ಯೂಟರಿದೆ. ಡಾಕ್ಟರಮ್ಮನದ್ದು ಕ್ಲಿನಿಕ್ಕಿಗೆ ರಜಾ ಅಂತ ಸುಮ್ನೆ ಕೂತಿದೆ. ಮೇಷ್ಟ್ರು ಅದರ ಮೇಲೆ ಟವಲ್ ಒಣಗಿಸಿದ್ದಾರೆ. ಕೆಳಗಿನ ಮನೆಯೋರು ಇಸ್ಪೀಟ್ ಆಡೋಕೆ ಇಟ್ಕೊಂಡಿದ್ದಾರೆ. ಒಬ್ರಿಗಾದ್ರೂ ಅದಕ್ಕೊಂದು ಒಳ್ಳೇ ಚಿಪ್ಪು ಹಾಕಿಸೋಣ ಅಂತ ಇದ್ಯಾ!”

ಹೆಂಡತಿಯ ಪೆನ್ಸಿಲು ನಿಂತಿತು.

“ಏನಂದ್ರಿ? ಇನ್ನೊಂದ್ಸಲ ಹೇಳಿ.”

“ಒಳ್ಳೇ ಚಿಪ್ಪು...”

“ಚಿಪ್ಪು ಸುಡಲಿ! ಎಲ್ಲರ ಮನೇಲೂ ಕಂಪ್ಯೂಟರ್ ಸುಮ್ನೆ ಕೂತಿದೆ ಅಂದ್ರಲ್ಲ?” ಅವಳು ಎದ್ದು ನಿಂತಿದ್ದಳು. “ರೀ, ಒಂದೇ ದೊಡ್ಡ ಕಲ್ಲು ಯಾಕೆ ಬೇಕು ನಮಗೆ? ಸಿನಿಮಾ ಅಂದ್ರೆ ಬಿಡಿಬಿಡಿ ಚಿತ್ರ ತಾನೇ! ಒಂದೊಂದು ಕಂಪ್ಯೂಟರಿಗೆ ಒಂದಿಷ್ಟು ಚಿತ್ರ ಹಂಚಿದ್ರೆ ಸಾಕು. ಸಣ್ಣ ಸಣ್ಣ ಟೈಲ್ಸ್ ಹಾಸೋಣ!”

ಅವಳೇ ಮನೆಮನೆಗೆ ಹೋಗಿ ಕೇಳಿಕೊಂಡಳು; ಅದೇ ಭಾನುವಾರ ಅವರ ನಡುಮನೆಗೆ ಕಂಪ್ಯೂಟರುಗಳ ದಿಬ್ಬಣ ಬಂತು. ಹೊದಿಕೆಯಲ್ಲಿ ಸುತ್ತಿಕೊಂಡು ಬಂದದ್ದು, ಸೊಂಟದ ಮೇಲೆ ಕೂತು ಬಂದದ್ದು, ಟವಲಿನ ಸಮೇತ ಬಂದದ್ದು. ಅವಳು ನೆಲದ ಮೇಲೆ ಮಂಡಿಯೂರಿ ಎಲ್ಲವನ್ನೂ ತಂತಿಯಲ್ಲಿ ಹೂವಿನ ಹಾಗೆ ಪೋಣಿಸಿದಳು. ಫ್ಯೂಸು ಹಾರೀತೆಂದು ಅತ್ತೆಯ ಇಸ್ತ್ರಿಪೆಟ್ಟಿಗೆಗೆ ನಿಷೇಧಾಜ್ಞೆ ಹೊರಟಿತು. ಮೊದಲ ಚಿತ್ರ ಡಾಕ್ಟರಮ್ಮನ ಕಂಪ್ಯೂಟರಿನಲ್ಲೇ ಮೂಡಿತು. ಬಿಸಿಲಿನಲ್ಲಿ ಮಿಂದ ಬಾಲ, ಒಂದು ಕೂದಲೂ ಕಡಿಮೆಯಿಲ್ಲ. ಎಲ್ಲರೂ ಒಟ್ಟಿಗೆ “ಓಹೋ” ಎಂದರು.

ಒಂದೇ ತೊಂದರೆ. ಕಂಪ್ಯೂಟರುಗಳ ಜೊತೆಗೆ ಅವುಗಳ ಯಜಮಾನರೂ ಬಂದಿದ್ದರು, ಮತ್ತು ಹೊರಡುವ ಸೂಚನೆಯಿರಲಿಲ್ಲ. ಯಾರ ಯಂತ್ರ ಎಷ್ಟು ಚಿತ್ರ ಮುಗಿಸಿತೆಂದು ಪಂದ್ಯ ಶುರುವಾಗಿತ್ತು. ಪಂದ್ಯವೆಂದ ಮೇಲೆ ಚಹಾ ಬೇಕು, ಬಿಸ್ಕತ್ತು ಬೇಕು. ಸೊಸೆಗೆ ತಂತಿಗಳ ಕೆಲಸ, ಅತ್ತೆಗೆ ಮಂಡಿನೋವು. ಉಳಿದವನು ಒಬ್ಬನೇ.

“ಇಲ್ಲಿ ಸಕ್ಕರೆ ಕಮ್ಮಿ!”

“ನನಗೆ ಶುಂಠಿ ಹಾಕಿ!”

ಡಜನಪ್ಪ ಹೆಗಲ ಮೇಲೆ ಟವಲು, ಕೈಯಲ್ಲಿ ತಟ್ಟೆ ಹಿಡಿದು ಓಡಾಡಿದ. ಲೋಟದ ಕೆಳಗಿಡಲು ಏನೂ ಸಿಗದೆ ಆ ಎರಡು ಚಿಪ್ಪುಗಳನ್ನೇ ಇಟ್ಟ. ಅಳತೆ ಸರಿಯಾಗಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ತೆರೆಯಿಂದ ಕಣ್ಣು ಕೀಳದೆ ಕೈಯೆತ್ತಿ, “ಸರ್ವರ್, ಇನ್ನೊಂದು ಚಹಾ!” ಎಂದುಬಿಟ್ಟರು.



“ಅಂತೂ ಸಿಕ್ಕಿದನಲ್ಲಮ್ಮ ನಿನ್ನ ಸರ್ವರ್” ಎಂದು ಅತ್ತೆ ಸೊಸೆಯ ಬೆನ್ನು ತಟ್ಟಿದರು. “ಇವನಿಗೆ ಬೇರೆ ಬೋರ್ಡೂ ಬೇಡ.”

ಗಡುವಿಗೆ ಮುಂಚೆಯೇ ಚಿತ್ರ ಮುಗಿಯಿತು. ಕಳಿಸುವ ಮೊದಲು ಎಲ್ಲರಿಗೂ ತೋರಿಸಿದಳು. ಕೊನೆಯಲ್ಲಿ ಅಳಿಲು ಓಡಿ ಓಡಿ ಸುಸ್ತಾಗಿ ಮಲಗಿ, ತನ್ನನ್ನು ಬೆನ್ನಟ್ಟಿದ ಬಾಲವನ್ನೇ ಹೊದ್ದುಕೊಂಡಿತು. ಆಮೇಲೆ ಹೆಸರುಗಳು ಬಂದವು. ಕಥೆ, ಚಿತ್ರ, ಕಂಪ್ಯೂಟರು ಕೊಟ್ಟವರು. ಕಟ್ಟಕಡೆಗೆ ಒಂದು ಸಾಲು: ‘ಸರ್ವರ್ — ನಮ್ಮ ಮನೆಯವರು’.

ಡಜನಪ್ಪ ಆ ಸಾಲು ಮರೆಯಾಗುವವರೆಗೂ ನೋಡಿ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದ. (ಒಲೆಯ ಮೇಲೆ ಏನೂ ಇರಲಿಲ್ಲ.)

ಸ್ವಲ್ಪ ದಿನ ಕಳೆದು, ಸಂಜೆ ಚಾನೆಲ್ಲಿನಿಂದ ಫೋನು ಬಂತು. ಅಭ್ಯಾಸಬಲದಿಂದ ಚಹಾಕ್ಕೆಂದು ನೆರೆಹೊರೆಯವರೆಲ್ಲ ಅಲ್ಲೇ ಇದ್ದರು. ಹೆಂಡತಿ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಗೋಡೆಗೆ ಒರಗಿದಳು. ಫೋನಿಗೆ ಅಂಗೈ ಮುಚ್ಚಿ ಪಿಸುಗುಟ್ಟಿದಳು.

“ತುಂಬಾ ಹಿಡಿಸಿತಂತೆ. ಹನ್ನೆರಡು ಕಂತು ಬೇಕಂತೆ. ಒಟ್ಟಿಗೆ ಒಂದು ಡಜನ್ ತಗೊಳ್ತಿರೋದ್ರಿಂದ ಕಂತಿನ ರೇಟು ಸ್ವಲ್ಪ ಇಳಿಸ್ತೀರಾ ಅಂತ ಕೇಳ್ತಿದ್ದಾರೆ.”

“ಇಳಿಸೋದಾ?” ಡಜನಪ್ಪ ಕೈಯ ತಟ್ಟೆಯನ್ನು ಕೆಳಗಿಟ್ಟ. “ಒಂದು ಪೈಸೆ ಇಳಿಸ್ಬೇಡ! ಜಾಸ್ತಿ ತಗೊಂಡ್ರೆ ರೇಟು ಏರ್ಬೇಕು ಅಂತ ಹೇಳು! ಹನ್ನೆರಡೂ ಕಂತು ಬಿರುಕಿಲ್ದೆ, ಕಲೆ ಇಲ್ದೆ, ಒಂದೇ ಕಲ್ಲಿನ ಹಾಗೆ ಬರ್ಬೇಕಂದ್ರೆ ಸುಮ್ನೆ ಆಗತ್ತಾ?”

ಅವಳು ನಗು ತಡೆದುಕೊಂಡು ಅದನ್ನೇ ಒಂದಿಷ್ಟು ವಿನಯ ಬೆರೆಸಿ ಫೋನಿಗೆ ಹೇಳಿದಳು. ಆ ಕಡೆಯವರು ಒಪ್ಪಿದರು. ನಡುಮನೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಡಜನಪ್ಪ ಎದೆಯುಬ್ಬಿಸಿ ನಿಂತ. ಇಡೀ ಜೀವಮಾನದಲ್ಲಿ ಬೆಲೆ ಏರಿಸಿ ಗೆದ್ದದ್ದು ಇದೇ ಮೊದಲು.

ತಾಯಿ ಖಾಲಿ ಕೆಟಲನ್ನು ತಂದು ಅವನ ಕೈಗಿತ್ತರು.

“ಹನ್ನೆರಡು ಕಂತು ಅಂದ್ರೆ ಕಮ್ಮಿ ಅಂದ್ರೂ ಹನ್ನೆರಡು ಭಾನುವಾರ ಕಣೋ. ಈ ಸಲ ನಿನಗೆ ಸಗಟಾಗೇ ಸಿಕ್ತು ನೋಡು. ಹೋಗು, ನೀರಿಡು.”