ಬೇಸಿಗೆ ಚಾಪೆಯ ಮೇಲೆ ಸ್ವೆಟರ್

ಒಂದು ಸತ್ಯ ಹೇಳಿಬಿಡ್ತೇನೆ, ನಾಲ್ಕು ಸೀಸನ್‌ಗಳನ್ನು ನಾನು ಕಣ್ಣಾರೆ ನೋಡಿದವಳೇ ಅಲ್ಲ. ನನ್ನ ಊರು ಪುತ್ತೂರು. ಅಲ್ಲಿ ನಮಗಿದ್ದದ್ದು ಎರಡೇ ಕಾಲ: ಬಟ್ಟೆ ಒಣಗುವ ಕಾಲ, ಬಟ್ಟೆ ಒಣಗದ ಕಾಲ. ಶಾಲೆಯಲ್ಲಿ ಮಾತ್ರ ವಸಂತ, ಗ್ರೀಷ್ಮ ಅಂತ ಆರು ಋತುಗಳನ್ನು ಒಂದೇ ಉಸಿರಲ್ಲಿ ಹೇಳಿ ಪೂರ್ತಿ ಮಾರ್ಕು ತಗೊಂಡಿದ್ದೆ. ಅದರಲ್ಲಿ ನನಗೆ ಖುದ್ದಾಗಿ ಪರಿಚಯ ಇದ್ದದ್ದು ಹಿಂದಿನ ಬೆಂಚಿನ ಹೇಮಂತ ಒಬ್ಬನೇ. ಮದುವೆಯಾಗಿ ದುಬೈಗೆ ಬಂದ ಮೇಲೆ ಬಟ್ಟೆ ಒಣಗದ ಕಾಲವೂ ಹೋಯ್ತು. ಇಲ್ಲಿ ಬಾಲ್ಕನಿಯಲ್ಲಿ ಹಾಕಿದ ಟವೆಲು ನಾನು ಒಳಗೆ ಬಂದು ಚಾ ಕುಡಿಯುವುದರೊಳಗೆ ಹಪ್ಪಳ.

ಇಂಥವಳಿಗೆ ಮೊನ್ನೆ ಮೇ ತಿಂಗಳಲ್ಲಿ ಸಿಕ್ಕಿದ ಪಾಠ ಯಾವುದು ಗೊತ್ತುಂಟಾ? ನಾಲ್ಕು ಸೀಸನ್!

ನಾನು ಇಲ್ಲಿಯ ಅಲ್ ಕುಸೈಸ್ ಬಡಾವಣೆಯ ಒಂದು ನರ್ಸರಿ ಶಾಲೆಯಲ್ಲಿ ಆರು ವರ್ಷದಿಂದ ಅಸಿಸ್ಟೆಂಟ್ ಟೀಚರ್. ಅಂದ್ರೆ ಪಾಠ ಬೇರೆಯವರದ್ದು, ಮೂಗು ಒರೆಸುವುದು ನನ್ನದು. ನಾಲ್ಕು ವರ್ಷದ ಮಕ್ಕಳ ಕ್ಲಾಸ್ ಟೀಚರ್ ಕೆಲಸ ಬಿಟ್ಟು ಊರಿಗೆ ಹೊರಟಿದ್ರು. ನಮ್ಮ ಸೂಪರ್‌ವೈಸರ್ ಮೇಡಂ ನನ್ನನ್ನು ಕರೆದು, "ಗುರುವಾರ ನೀವೊಂದು ಕ್ಲಾಸ್ ತಗೊಳ್ಳಿ, ನಾನು ಹಿಂದೆ ಕೂತು ನೋಡ್ತೇನೆ. ಸರಿ ಬಂದ್ರೆ ಆ ಕ್ಲಾಸ್ ನಿಮ್ಗೇ. ಇಲ್ಲಾಂದ್ರೆ ಹೊರಗಿಂದ ತಗೊಳ್ತೇವೆ" ಅಂದ್ರು. ಮೇಡಂ ಹೇಳಿದ್ದು ಇಂಗ್ಲಿಷಲ್ಲಿ. ಅದರಲ್ಲಿ ಖಾರ ಇನ್ನೂ ಜಾಸ್ತಿ ಇತ್ತು. ಆರು ವರ್ಷ ಮೂಗು ಒರೆಸಿದವಳಿಗೆ ಬಂದ ಒಂದೇ ಒಂದು ಚಾನ್ಸ್. ಅದೂ ಹೋದ್ರೆ ರಿಟೈರ್ ಆಗುವವರೆಗೆ ಟಿಶ್ಯೂ ಡಬ್ಬಿಯೇ ಗತಿ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. "ನಾಲ್ಕು ಸೀಸನ್ನಾ? ನಮ್ಮಲ್ಲಿ ಸೆಕೆ, ಜಾಸ್ತಿ ಸೆಕೆ, ಲೀವ್ ಸಿಗದ ಸೆಕೆ. ನಾಲ್ಕನೇದು ನೀನೇ ಹುಡುಕು ಮಾರಾಯ್ತಿ" ಅಂತ ಟಿವಿ ಕಡೆ ತಿರುಗಿದ್ರು.

ನಾನು ಬಿಡ್ತೇನಾ? ಉಳ್ಳಾಲದ ಝೊಹರಾ ನನ್ನ ಹಾಗೆಯೇ ಇನ್ನೊಬ್ಬಳು ಅಸಿಸ್ಟೆಂಟ್, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳನ್ನು ಕೂರಿಸಿಕೊಂಡು ಕೆಂಪು, ಹಳದಿ ಕಾಗದದಲ್ಲಿ ಎಲೆ ಕತ್ತರಿಸಿದೆ. ನಾಲ್ಕು ಬಣ್ಣದ ನಾಲ್ಕು ಚಾಪೆ ತಂದೆ. ಒಂದು ಪೆಟ್ಟಿಗೆ ತುಂಬ ಸ್ವೆಟರು, ಕೊಡೆ, ಟೋಪಿ, ಚಡ್ಡಿ, ಚಿತ್ರದ ಕಾರ್ಡುಗಳು. ಮಕ್ಕಳು ಯಾವುದು ಯಾವ ಸೀಸನ್ನಿನದ್ದು ಅಂತ ನೋಡಿ ಚಾಪೆ ಮೇಲೆ ಇಡ್ಬೇಕು. ಝೊಹರಾ ಕೇಳಿದ್ಳು, "ಅಕ್ಕಾ, ಮಕ್ಕಳು ತಪ್ಪಿಟ್ರೆ?" ನಾನು ಹೇಳಿದೆ, "ನಾನಿರುವಾಗ ಹೇಗೆ ತಪ್ಪಿಡ್ತಾರೆ?"

ಗುರುವಾರ ಮೇಡಂ ಹಿಂದಿನ ಕುರ್ಚಿಯಲ್ಲಿ ಫೈಲ್ ಹಿಡಿದು ಕೂತ್ರು. ನಾನು ಚಿತ್ರಪುಸ್ತಕ ತೆಗೆದೆ. ಎಲ್ಲೋ ಚಳಿ ದೇಶದಲ್ಲಿ ಅಚ್ಚಾದದ್ದು. ಒಂದೇ ಮರ, ನಾಲ್ಕು ಪುಟ: ಹೂವು, ಹಸಿರು, ಕೆಂಪು ಎಲೆ, ಕೊನೆಗೆ ಬೋಳು ಮರದ ಮೇಲೆ ಹಿಮ. ನನ್ನ ವರ್ಣನೆ ಎಲ್ಲಿಗೆ ಹೋಗಿತ್ತಂದ್ರೆ, ನಾನೇ ಆ ಮರದ ಕೆಳಗೆ ಹುಟ್ಟಿ ಬೆಳೆದ ಹಾಗೆ. ಬೋಳು ಮರ ಬಂದಾಗ ರಿಹಾನ್ ಅಂತ ಒಬ್ಬ, ಮುಂದಿನ ಸಾಲಿನವನು, ಕೈಯೆತ್ತಿದ. "ಮಿಸ್, ಮರದ ಪೈಪ್ ಎಲ್ಲಿ?"

ಇಲ್ಲಿ ಮರ ಅಂದ್ರೆ ಬುಡದಲ್ಲಿ ಕಪ್ಪು ಪೈಪ್ ಇರ್ಲೇಬೇಕು, ತೊಟ್ಟು ತೊಟ್ಟು ನೀರು ಬಿಡ್ಲಿಕ್ಕೆ. ಪೈಪ್ ಇಲ್ಲದ ಮರ ಒಣಗದೆ ಇನ್ನೇನಾಗ್ತದೆ? ಅವನು ಕೇಳಿದ್ದು ಸರಿಯೇ. ಆದ್ರೆ ನನಗೆ ಪಾಠ ಮುಗಿಸ್ಬೇಕಲ್ಲ! "ಪೈಪ್ ಆಮೇಲೆ, ಬೇಬಿ" ಅಂತ ಪುಸ್ತಕ ಮಡಚಿದೆ.

ಮುಂದೆ ಆಟಮ್, ಎಲೆ ಉದುರುವ ಕಾಲ. ಕಾಗದದ ಎಲೆಗಳನ್ನು ಮೇಲಿಂದ ಹಾರಿಸಿದೆ. ಏನು ಚಂದ ಅಂತೀರಿ! ಮಕ್ಕಳು ಕುಣೀತಾರೆ, ಎಲೆ ತೂರ್ತಾರೆ, ಮೇಡಂ ಬರ್ಕೊಳ್ತಾರೆ ಅಂತ ನನ್ನ ಲೆಕ್ಕಾಚಾರ. ಮಕ್ಕಳು ಒಂದು ಕ್ಷಣ ನೆಲ ನೋಡಿದ್ರು. ಆಮೇಲೆ ಒಬ್ಬೊಬ್ಬರೇ ಬಗ್ಗಿ, ಒಂದೊಂದೇ ಎಲೆ ಹೆಕ್ಕಿ, ಸಾಲಾಗಿ ಹೋಗಿ ಕಸದ ಬುಟ್ಟಿಗೆ ಹಾಕಿ ಬಂದ್ರು. ನೆಲದಲ್ಲಿ ಕಾಗದ ಕಂಡ್ರೆ ಬುಟ್ಟಿಗೆ ಹಾಕ್ಬೇಕು ಅಂತ ವರ್ಷವಿಡೀ ಬೊಬ್ಬೆ ಹೊಡೆದು ಕಲಿಸಿದವಳು ನಾನೇ. ಎರಡು ನಿಮಿಷದಲ್ಲಿ ನೆಲ ಫಳಫಳ. ಝೊಹರಾ ನನ್ನ ಕಿವಿಯ ಹತ್ರ ಬಂದು, "ಅಕ್ಕಾ, ನಿಮ್ಮ ಆಟಮ್ ಖಲಾಸ್" ಅಂದ್ಳು.

ಇರ್ಲಿ, ಚಾಪೆ ಆಟ ಉಂಟಲ್ಲ ಅಂತ ಧೈರ್ಯ ತಗೊಂಡೆ. ಪೆಟ್ಟಿಗೆ ತೆರೆದೆ. ರಿಹಾನ್ ಮೊದಲು ಬಂದು ಸ್ವೆಟರ್ ಎತ್ತಿಕೊಂಡು ಸೀದಾ ಹೋಗಿ ಬೇಸಿಗೆಯ ಹಳದಿ ಚಾಪೆ ಮೇಲೆ ಇಟ್ಟ.

"ನೋ ಬೇಬಿ, ಯೋಚನೆ ಮಾಡು. ಸ್ವೆಟರ್ ಯಾವಾಗ ಹಾಕ್ತೇವೆ?"

"ಸಮ್ಮರ್."

ನಾನು ನಗ್ತಾ ಅದನ್ನು ವಿಂಟರಿನ ನೀಲಿ ಚಾಪೆಗೆ ಹಾಕಿದೆ. ಅವನು ನಗದೆ ವಾಪಸ್ ಹಳದಿಗೆ ತಂದ. ನಾನು ನೀಲಿಗೆ, ಅವನು ಹಳದಿಗೆ. ಹಿಂದಿನಿಂದ ಮೇಡಂ ಪೆನ್ನು ಸರಸರ ಓಡುವುದು ಕೇಳ್ತಾ ಇತ್ತು. ಈ ಹುಡುಗನ ಬಾಯಿ ಮುಚ್ಚಿಸದಿದ್ರೆ ನನ್ನ ಕ್ಲಾಸ್ ಹೋಯ್ತು ಅಂತ ಸ್ವರ ಏರಿಸಿದೆ. "ರಿಹಾನ್, ಸಮ್ಮರಲ್ಲಿ ಸೆಕೆ ಅಲ್ವಾ?"

"ಔಟ್‌ಸೈಡ್ ಸೆಕೆ. ಔಟ್‌ಸೈಡ್ ಯಾರೂ ಇಲ್ಲ ಮಿಸ್." ಆಮೇಲೆ ನನ್ನ ಹೊಟ್ಟೆಗೆ ಬೆರಳು ತೋರಿಸಿ ಹೇಳಿದ, "ಯು ಆರ್ ಆಲ್ಸೋ ವೇರಿಂಗ್."

ಬಗ್ಗಿ ನೋಡಿಕೊಂಡೆ. ಕುತ್ತಿಗೆವರೆಗೆ ಗುಂಡಿ ಹಾಕಿದ ಸ್ವೆಟರ್, ಅದರ ಮೇಲೆ ಶಾಲು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕಡಿಮೆ ಮಾಡ್ಲಿಕ್ಕೆ ಯಾರ ಕೈಗೂ ಸಿಗದ ಸೆಂಟ್ರಲ್ ಏಸಿಯ ಚಳಿ. ಹನ್ನೆರಡು ಮಕ್ಕಳೂ ಸ್ವೆಟರಲ್ಲಿ. ಝೊಹರಾ ಸ್ವೆಟರಲ್ಲಿ. ಹಿಂದೆ ಕೂತ ಮೇಡಂ ಕಾಲಿಗೆ ಕೂಡ ಉಣ್ಣೆ ಸುತ್ತಿಕೊಂಡಿದ್ದಾರೆ. ನಾನು ಬಾಯಿ ತೆರೆದೆ. ಮಾತು ಬರ್ಲಿಲ್ಲ. ನಲವತ್ತೇಳು ವರ್ಷದಲ್ಲಿ ಮೊದಲ ಸಲ, ಮಾರಾಯ್ರೆ. ಅಲ್ಲಿದ್ದ ಪುಟ್ಟ ಕುರ್ಚಿಯಲ್ಲಿ ಕುಸಿದು ಕೂತೆ.

ನಾನು ಸುಮ್ಮನಾದದ್ದೇ ತಡ, ಮಕ್ಕಳಿಗೆ ಬಾಯಿ ಬಂತು. ಹಿಮದ ಕಾರ್ಡು ಹಳದಿ ಚಾಪೆಗೇ ಹೋಯ್ತು, ಯಾಕಂದ್ರೆ ಬೇಸಿಗೆ ರಜೆಯಲ್ಲಿ ಅಜ್ಜಿ ಬಂದಾಗ ಮಾಲಿನ ಒಳಗೆ ಮಾಡಿಟ್ಟ ಹಿಮ ನೋಡಿದ್ದು. ಕೊಡೆಯೂ ಅಲ್ಲಿಗೇ, ಅಮ್ಮ ಬಸ್‌ಸ್ಟಾಪಿಗೆ ಹೋಗುವಾಗ ಬಿಸಿಲಿಗೆ ಹಿಡಿಯುವುದಲ್ವಾ? ಚಡ್ಡಿ, ಚೆಂಡು, ಸೈಕಲ್ ಎಲ್ಲ ವಿಂಟರಿಗೆ. "ವಿಂಟರಲ್ಲಿ ನಮ್ಮ ಮನೆ ಕಿಟಕಿ ಓಪನ್ ಆಗ್ತದೆ. ಆಗ ಪಕ್ಕದ ಮನೆಯ ಮೀನಿನ ವಾಸನೆ ಬರ್ತದೆ" ಅಂದ್ಳು ಅನ್ವಿ ಅನ್ನುವ ಪುಟ್ಟಿ. ಇನ್ನುಳಿದ ಎರಡು ಚಾಪೆ ಖಾಲಿ. ಇದು ಯಾವುದಕ್ಕೆ ಅಂತ ಸ್ವಲ್ಪ ಹೊತ್ತು ಚರ್ಚೆ ನಡೀತು. ಕೊನೆಗೆ ಅನ್ವಿ ಸ್ಪ್ರಿಂಗ್ ಚಾಪೆ ಮೇಲೆ ಮಲಗಿ ನಿದ್ದೆ ಮಾಡಿದ್ಳು. ಬೆಲ್ ಆಯ್ತು.

ಕ್ಲಾಸ್ ಕೈತಪ್ಪಿ ಹೋಯ್ತು ಅಂತಲೇ ಗಂಡನಿಗೆ ಮೆಸೇಜ್ ಹಾಕಿದೆ. ಅವರು ಎತ್ತಿದ ಹೆಬ್ಬೆರಳಿನ ಒಂದು ಚಿತ್ರ ಕಳಿಸಿದ್ರು. ಓದ್ಲೇ ಇಲ್ಲ ಅಂತ ಅರ್ಥ.

ಮಧ್ಯಾಹ್ನ ಮೇಡಂ ಕರೆದ್ರು. ಫೈಲ್ ತೆರೆದು ಓದಿದ್ರು: "ಆರಂಭದಲ್ಲಿ ಟೀಚರ್ ಮಾತು ಬಹಳ ಜಾಸ್ತಿ. ಆದರೆ ಸರಿಯಾದ ಸಮಯಕ್ಕೆ ಬೇಕೆಂದೇ ಹಿಂದೆ ಸರಿದು, ಮಕ್ಕಳೇ ತಮ್ಮ ಸುತ್ತಲಿನ ಕಾಲಗಳನ್ನು ಕಂಡುಕೊಳ್ಳಲು ಬಿಟ್ಟರು. ಇದು ಅನುಭವಿಗಳಿಗೆ ಮಾತ್ರ ಸಾಧ್ಯ." ಫೈಲ್ ಮುಚ್ಚಿ, "ಆ ಕ್ಷಣ ನೀವು ಹೇಗೆ ಆರಿಸಿದ್ರಿ?" ಅಂತ ಕೇಳಿದ್ರು. ನಾನು ಗಂಭೀರವಾಗಿ, "ಅದು ಒಳಗಿಂದ ಬರ್ಬೇಕು ಮೇಡಂ" ಅಂದೆ. ಕ್ಲಾಸ್ ನನಗೇ ಸಿಕ್ಕಿತು.

ಅಷ್ಟಕ್ಕೆ ಬಿಟ್ಟಿದ್ರೆ ಚೆನ್ನಾಗಿತ್ತು. ಜೂನಿನಲ್ಲಿ ಮೇಡಂ ಎಲ್ಲ ಟೀಚರುಗಳಿಗೆ ನನ್ನಿಂದಲೇ ಒಂದು ಟ್ರೈನಿಂಗ್ ಕೊಡಿಸಿದ್ರು, "ಸುಮ್ಮನಿದ್ದು ಕೇಳುವುದು ಹೇಗೆ" ಅಂತ. ಅರ್ಧ ಗಂಟೆ ಕೊಟ್ಟಿದ್ರು. ವಿಷಯ ದೊಡ್ಡದು, ಮೌನದ ಬಗ್ಗೆ ಹೇಳ್ಲಿಕ್ಕೆ ಎಷ್ಟೊಂದು ಉಂಟು! ಒಂದೂಕಾಲು ಗಂಟೆ ಹೇಳಿದೆ. ಮಧ್ಯೆ ಝೊಹರಾ ಮೂರು ಸಲ ಕೈಯೆತ್ತಿದ್ಳು. ಪ್ರಶ್ನೆ ಎಲ್ಲ ಕೊನೆಗೆ ಅಂತ ಕೈಸನ್ನೆ ಮಾಡಿ ಕೂರಿಸಿದೆ. ಎಲ್ಲ ಮುಗಿಸಿ, ನೀರು ಕುಡಿದು, "ಈಗ ಕೇಳು ಮಾರಾಯ್ತಿ" ಅಂದೆ.

"ಪ್ರಶ್ನೆ ಇಲ್ಲ ಅಕ್ಕಾ" ಅಂದ್ಳು ಅವಳು. "ಸ್ಟಾಫ್ ಬಸ್ಸು ಹೊರಡ್ತಾ ಉಂಟು ಅಂತ ಹೇಳ್ಲಿಕ್ಕಿತ್ತು. ಈಗ ಹೋಯ್ತು."

ಹದಿನಾಲ್ಕು ಮಂದಿ ಟೀಚರುಗಳು ಜೂನ್ ಬಿಸಿಲಲ್ಲಿ ಮೆಟ್ರೋ ಸ್ಟೇಷನ್‌ವರೆಗೆ ನಡೆದ್ರು. ದಾರಿಯಲ್ಲಿ ಒಬ್ಬರೂ ಬಾಯಿ ಬಿಡ್ಲಿಲ್ಲ. ಟ್ರೈನಿಂಗ್ ಎಷ್ಟು ಬೇಗ ಫಲ ಕೊಟ್ಟಿತು ನೋಡಿ ಅಂತ, ಸ್ಟೇಷನ್ ಬರುವವರೆಗೂ ನಾನು ಅವರಿಗೆ ವಿವರಿಸ್ತಾನೇ ಇದ್ದೆ.