ನಗೆ ಸಂಖ್ಯೆ ನಲವತ್ತೇಳರ ಬಗ್ಗೆ

ಟವರ್ ಬೀದಿ, ಲೂಟನ್
ಫೆಬ್ರವರಿ 1962

ಬಾನುಲಿ ಸಂಸ್ಥೆಯ ನಗೆ ದಾಸ್ತಾನಿನ ಮೇಲ್ವಿಚಾರಕರಾದ ಶ್ರೀಯುತ ಆಂಬ್ರೋಸ್ ಕ್ವೆನೆಲ್ ಅವರ ಸನ್ನಿಧಿಗೆ,

ಮಾನ್ಯರೇ,

ದೇಶದ ನಗೆಯನ್ನೆಲ್ಲ ಡಬ್ಬಿಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಬೀಗ ಹಾಕಿ ಕಾಯುತ್ತಿರುವ ತಮ್ಮಂಥ ದೊಡ್ಡವರಿಗೆ, ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ನಲವತ್ತು ವರ್ಷ ಊರವರ ಗಂಟುಮೂಟೆಗಳಿಗೆ ಚೀಟಿ ಅಂಟಿಸಿ ನಿವೃತ್ತನಾದ ಹೋರೇಸ್ ಲಿಲ್ಲಿವೈಟ್ ಎಂಬ ನಾನು ಮಾಡುವ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಗೆಯ ಉಗ್ರಾಣದಲ್ಲಿ ಕುಳಿತವರ ಕ್ಷೇಮಕ್ಕೇನು ಕಡಿಮೆ? ಈ ಹಿಂದೆ ಬರೆದ ಮೂರು ಪತ್ರಗಳಲ್ಲಿ ಕೊನೆಯ ಎರಡನ್ನು ತಾವು ಖಾಸಗಿಯಾಗಿ ಓದಿ ಖಾಸಗಿಯಾಗಿಯೇ ಮರೆತಿರುವುದರಿಂದ, ನಾಲ್ಕನೆಯದನ್ನು ನಮ್ಮೂರಿನ ಪತ್ರಿಕೆಯ ಮೂಲಕ ಎಲ್ಲರ ಕಣ್ಣೆದುರೇ ಕಳಿಸುತ್ತಿದ್ದೇನೆ. ಅಪಚಾರವಾಗಿದ್ದರೆ ಕ್ಷಮಿಸಬೇಕು.

ವಿಷಯವಿಷ್ಟು: ನನ್ನ ಹೆಂಡತಿ ಡಾರ್ಕಸ್ ತಮ್ಮಲ್ಲಿ ಕೆಲಸಕ್ಕಿದ್ದಾಳೆ. ಪ್ರತಿ ಸೋಮವಾರ ಸಂಜೆ ಏಳೂವರೆಗೆ ತಾವು ಬಿತ್ತರಿಸುವ ‘ಅತ್ತೆ ಬಂದಳು, ಬಾಗಿಲು ಹಾಕಿ’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ನಗುವುದು ಅವಳ ಕೆಲಸ. ಅವಳು ತೀರಿಕೊಂಡು ಎರಡು ವರ್ಷ ಮೂರು ತಿಂಗಳಾಯಿತೆಂಬುದು ತಮ್ಮ ಗಮನಕ್ಕೆ ಬಂದಂತಿಲ್ಲ; ಹಾಜರಾತಿ ಅಷ್ಟು ಚೆನ್ನಾಗಿದೆ.

ಮೊದಲಿನಿಂದ ಹೇಳುತ್ತೇನೆ. 1956ರ ಮಾರ್ಚ್ ತಿಂಗಳ ಒಂದು ಭಾನುವಾರ, ತಮ್ಮ ಸಂಸ್ಥೆಯ ‘ಸಮಿತಿ ಸೇರಿದೆ’ ಎಂಬ ಹಾಸ್ಯಮಾಲೆಯ ಒಂದು ಕಂತಿನ ಧ್ವನಿಮುದ್ರಣ ನೋಡಲು ನಾವಿಬ್ಬರೂ ಲಂಡನ್ನಿಗೆ ಹೋಗಿದ್ದೆವು. ಅಂಚೆ ಕಾರ್ಡು ಹಾಕಿ ಏಳು ತಿಂಗಳು ಕಾದ ಮೇಲೆ ಎರಡು ಪಾಸು ಸಿಕ್ಕಿದ್ದವು. ಮಂಗಳವಾರ ಸಂಜೆ ಆ ಕಾರ್ಯಕ್ರಮ ಬಿತ್ತರವಾಗುವಾಗ ನಮ್ಮ ಬೀದಿಯಲ್ಲಿ ನಾಯಿಯೂ ಬೊಗಳದಿದ್ದ ಕಾಲ ಅದು. ಒಂಬತ್ತು ಜನರ ಒಂದು ಗ್ರಾಮಸಮಿತಿ ವಾರವಾರವೂ ಸೇರಿ ಏನನ್ನೂ ತೀರ್ಮಾನಿಸದೆ ಎದ್ದುಹೋಗುವುದೇ ಅದರ ಕಥೆ. ಹಳ್ಳಿಯ ಸಮಿತಿಯಲ್ಲಿ ಒಮ್ಮೆಯಾದರೂ ಕುಳಿತ ನಮ್ಮ ಜನಕ್ಕೆ ಅದು ಹಾಸ್ಯವೋ ವರದಿಯೋ ತಿಳಿಯುತ್ತಿರಲಿಲ್ಲ. ಆ ವಾರದ ಚರ್ಚೆ, ಸೆಕೆಯಾಗುತ್ತಿರುವುದರಿಂದ ಕಿಟಕಿ ತೆರೆಯಬೇಕೋ ಬೇಡವೋ ಎಂಬುದು. ನಟರು ಕಾಗದ ಹಿಡಿದು ಮೈಕಿನ ಮುಂದೆ ವಾದಿಸುತ್ತಿದ್ದರೆ, ಸದ್ದು ಮಾಡುವವನೊಬ್ಬ ಬರೀ ಚೌಕಟ್ಟಿನ ಕಿಟಕಿಯೊಂದನ್ನು ಎತ್ತಿಹಿಡಿದುಕೊಂಡು ತನ್ನ ಸರದಿಗಾಗಿ ಅರ್ಧ ಗಂಟೆ ಮೂಲೆಯಲ್ಲಿ ಕಾದು ನಿಂತಿದ್ದ. ಕೊನೆಗೆ ಐದಕ್ಕೆ ನಾಲ್ಕು ಮತಗಳಿಂದ ಕಿಟಕಿ ತೆರೆಯುವ ನಿರ್ಣಯ ಪಾಸಾಯಿತು. ಆಗ ಗುಮಾಸ್ತನ ಪಾತ್ರದವನು ಕೆಮ್ಮಿ, “ಅಧ್ಯಕ್ಷರೇ, ಒಂದ್ ಸಣ್ಣ ತೊಡಕು. ಈ ರೂಮಿಗೆ ಕಿಟಕೀನೇ ಇಲ್ಲ” ಎಂದ. ಸದ್ದಿನವನು ಚೌಕಟ್ಟನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರಟುಹೋದ.

ಆರುನೂರು ಜನ ಗೊಳ್ಳೆಂದು ನಕ್ಕರು. ಡಾರ್ಕಸ್ ನಗಲಿಲ್ಲ. ಅವಳ ಪದ್ಧತಿಯೇ ಹಾಗೆ. ನಮ್ಮೂರಿನ ಟೋಪಿ ಕಾರ್ಖಾನೆಯಲ್ಲಿ ಅವಳದು ಹೊಲಿಗೆ ತನಿಖೆಯ ಕೆಲಸ. ಟೋಪಿಯನ್ನು ತಿರುಗಿಸಿ, ಒಳಗೆ ಬೆರಳಾಡಿಸಿ, ಅಂಚು ಜಗ್ಗಿ ನೋಡಿದ ಮೇಲೆಯೇ ಪಾಸು ಮಾಡುತ್ತಿದ್ದಳು, ಜೋಕುಗಳನ್ನೂ ಹಾಗೆಯೇ. ಸಭೆಯೆಲ್ಲ ನಕ್ಕು ಸುಸ್ತಾಗಿ, ಅಧ್ಯಕ್ಷರ ಪಾತ್ರದವರು ಮುಂದಿನ ಮಾತಿಗೆ ಬಾಯಿ ತೆರೆದಾಗ ಇವಳ ತನಿಖೆ ಮುಗಿಯಿತು. ಮೊದಲು ಬಿಕ್ಕಳಿಕೆಯಂಥ ಒಂದು ಸದ್ದು, ಆಮೇಲೆ ಒಲೆಯ ಮೇಲಿನ ಕೆಟಲಿನಂತೆ ಏರುತ್ತಾ ಹೋಗುವ ಒಂದು ಸೀಟಿ. ಇಡೀ ಸಭಾಂಗಣದಲ್ಲಿ ಅವಳೊಬ್ಬಳೇ. ಆ ಅಧ್ಯಕ್ಷರು ಕಾಗದ ಕೆಳಗಿಳಿಸಿ ಅವಳ ನಗೆ ಮುಗಿಯುವವರೆಗೂ ಕಾದು, ಕಾಗದದಲ್ಲಿಲ್ಲದ ಮಾತೊಂದನ್ನು ಹೇಳಿದರು: “ಆ ತಾಯಿಯ ಮತಾನೂ ಸೇರಿಸ್ಕೊಳ್ರೀ, ಸ್ವಲ್ಪ ಲೇಟಾಗಿ ಬಂದಿದ್ದಾರೆ.”

ವಾಪಸು ಬರುವ ರೈಲಿನಲ್ಲಿ ಅವಳು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕುಳಿತಿದ್ದಳು. “ಏನ್ರೀ, ನಾನು ನಕ್ಕಿದ್ದು ಇಡೀ ದೇಶಕ್ಕೇ ಕೇಳ್ಸುತ್ತಾ?” ಎಂದು ಕೇಳಿದಳು. ಕೇಳಿಸುತ್ತದೆ ಎಂದೆ. “ಅಯ್ಯೋ, ಮಾನ ಹೋಯ್ತು. ಆ ರೇಡಿಯೋದೋರಿಗೆ ಒಂದ್ ಕಾಗದ ಬರ್ದು ತೆಗೆಸಿಬಿಡಿ” ಎಂದಳು. ಆಗಲಿ ಎಂದೆ, ಬರೆಯಲಿಲ್ಲ. ಮಂಗಳವಾರ ಅದು ಬಿತ್ತರವಾಗಿ ಐದು ನಿಮಿಷವಾಗಿರಲಿಲ್ಲ, ಪಕ್ಕದ ಮನೆಯ ಟ್ಯಾಪ್‌ಸ್ಕಾಟಮ್ಮ ಏಪ್ರನ್ನಿನಲ್ಲೇ ಓಡಿಬಂದು, “ಡಾರ್ಕಸ್, ಅದು ನೀನೇ ತಾನೇ? ನಾಲ್ಕು ಬೀದಿ ಆಚೆಯಿಂದ್ಲೂ ಗೊತ್ತಾಗುತ್ತೆ ಕಣೇ!” ಎಂದು ಕೂಗಿದರು. ಡಾರ್ಕಸ್ ಕೆಂಪಾದಳು. ನಾನಂತೂ ಒಂದು ವಾರ ಪಾರ್ಸೆಲ್ ಕಚೇರಿಯಲ್ಲಿ ನೆಲ ಮುಟ್ಟದೆ ಓಡಾಡಿದೆ.

1959ರ ನವೆಂಬರಿನಲ್ಲಿ ಎದೆಯ ಕಾಯಿಲೆ ಅವಳನ್ನು ಕೊಂಡೊಯ್ದಿತು. ಮನೆ ಬಿಕೋ ಎನ್ನತೊಡಗಿದಾಗ, ಆ ಕಂತನ್ನು ಇನ್ನೊಮ್ಮೆ ಬಿತ್ತರಿಸಲು ಸಾಧ್ಯವೇ ಎಂದು ತಮಗೆ ಮೊದಲ ಪತ್ರ ಬರೆದೆ. ತಮ್ಮ ಕಚೇರಿ ಬಹಳ ಸೌಜನ್ಯದಿಂದ, ಸದರಿ ಟೇಪನ್ನು ಮಿತವ್ಯಯದ ದೃಷ್ಟಿಯಿಂದ ಅಳಿಸಿ, ಅದರ ಮೇಲೆ ಗುಲಾಬಿ ಗಿಡಗಳ ಕೊಂಬೆ ಕತ್ತರಿಸುವ ಕ್ರಮದ ಬಗ್ಗೆ ಒಂದು ಉಪನ್ಯಾಸವನ್ನು ಮುದ್ರಿಸಿಕೊಳ್ಳಲಾಗಿದೆ ಎಂದು ತಿಳಿಸಿತು. ತಮ್ಮ ವಿವೇಕವನ್ನು ಎಷ್ಟು ಕೊಂಡಾಡಿದರೂ ಸಾಲದು. ದೇಶವೇ ಕೆಲಸ ಬಿಟ್ಟು ಕೇಳಿದ್ದನ್ನು ಅಳಿಸಿ, ಯಾರೂ ಕೇಳದ್ದನ್ನು ಉಳಿಸಿಕೊಳ್ಳಲು ಸಾಮಾನ್ಯರ ಎದೆಗಾರಿಕೆ ಸಾಲುವುದಿಲ್ಲ. ನಾನು ಸುಮ್ಮನಾದೆ.

ಹೋದ ಸೆಪ್ಟೆಂಬರಿನ ಒಂದು ಸೋಮವಾರ, ಟ್ಯಾಪ್‌ಸ್ಕಾಟಮ್ಮ ತಂದುಕೊಟ್ಟ ಕೇಕನ್ನು ಇಬ್ಬರೂ ಚಹಾದೊಂದಿಗೆ ತಿನ್ನುತ್ತಿದ್ದಾಗ, ರೇಡಿಯೋದಲ್ಲಿ ತಮ್ಮ ಈ ‘ಅತ್ತೆ’ ಕಾರ್ಯಕ್ರಮ ತಾನೇತಾನಾಗಿ ಶುರುವಾಯಿತು. ಅತ್ತೆ ಏಣಿಯಿಂದ ಬಿದ್ದಳು. ಕೂಡಲೇ ಡಾರ್ಕಸ್ ನಕ್ಕಳು. ಬಿಕ್ಕಳಿಕೆ, ಆಮೇಲೆ ಸೀಟಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನ್ನ ಕೈಯ ಬಟ್ಟಲು ಬಿದ್ದು ಚೂರಾಯಿತು. ಟ್ಯಾಪ್‌ಸ್ಕಾಟಮ್ಮ ಬಿಳಿಚಿಕೊಂಡು, “ಬಂದ್ ಮಾಡ್ರೀ ಅದನ್ನ. ನಮ್ ಡಾರ್ಕಸ್ ಇಂಥದ್ಕೆಲ್ಲಾ ನಗೋಳಲ್ಲ” ಎಂದರು. ನಾನು ಗುಂಡಿಗೆ ಕೈ ಹಾಕಿದಾಗ ಅವರೇ ನನ್ನ ತೋಳು ಹಿಡಿದು, “ತಡೀರಿ, ಇನ್ನೊಂದ್ ಸಲ ಬರುತ್ತೇನೋ” ಎಂದರು. ಇನ್ನೊಂದಲ್ಲ, ಆ ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಬಂತು. ಅವಳನ್ನು ಬಿಟ್ಟುಬಿಡಿ ಎಂದು ಮರುದಿನವೇ ತಮಗೆ ಎರಡನೆಯ ಪತ್ರ ಬರೆದೆ, ಉತ್ತರ ಬಾರದ್ದರಿಂದ ಮೂರನೆಯದನ್ನೂ ಬರೆದೆ.

ಈಗ ನನ್ನ ದೂರುಗಳನ್ನು ವಿನಯಪೂರ್ವಕ ನಿವೇದಿಸಿಕೊಳ್ಳುತ್ತೇನೆ. ಡಾರ್ಕಸ್ ಹುಟ್ಟಿದಂದಿನಿಂದ ಒಂದು ಜೋಕಿಗೂ ಸಮಯಕ್ಕೆ ಸರಿಯಾಗಿ ನಕ್ಕವಳಲ್ಲ. ಈಗ ಅತ್ತೆ ನೆಲ ಮುಟ್ಟುವ ಮೊದಲೇ ನಗುತ್ತಾಳೆ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿಯೂ ನಾನು ತಿದ್ದಲಾಗದ್ದನ್ನು ತಮ್ಮ ಕತ್ತರಿ ಒಂದೇ ಮಧ್ಯಾಹ್ನದಲ್ಲಿ ತಿದ್ದಿದೆಯಲ್ಲ, ತಮ್ಮ ಕೈಗೆ ಸಿಕ್ಕ ಹೆಂಡಿರ ಗಂಡಂದಿರೇ ಧನ್ಯರು. ಇನ್ನು ಅತ್ತೆಯ ವಿಚಾರ. ನನ್ನ ತಾಯಿ ನಮ್ಮೊಂದಿಗೆ ಹನ್ನೆರಡು ವರ್ಷ ಇದ್ದಳು, ಕೊನೆಯ ನಾಲ್ಕು ವರ್ಷ ಹಾಸಿಗೆಯಲ್ಲೇ. ಅವಳ ಕಾಲುಗುರು ಕತ್ತರಿಸುತ್ತಿದ್ದವಳು ಡಾರ್ಕಸ್. ಇಬ್ಬರೂ ಜಗಳವಾಡದ ದಿನವಿಲ್ಲ, ಆದರೆ ಮುದುಕಿಯೊಬ್ಬಳು ಏಣಿಯಿಂದ ಬಿದ್ದರೆ ನನ್ನ ಹೆಂಡತಿ ನಗುವವಳಲ್ಲ, ಏಣಿ ಹಿಡಿಯಲು ಓಡುವವಳು. ಅವಳು ಬದುಕಿದ್ದಾಗ ಪಾಸು ಮಾಡದ ಮಾಲಿಗೆಲ್ಲ ಈಗ ಅವಳ ಮುದ್ರೆ ಒತ್ತಿಸುತ್ತಿದ್ದೀರಿ. ಸತ್ತವರು ಎದುರು ಮಾತಾಡುವುದಿಲ್ಲವೆಂಬ ಧೈರ್ಯ ತಾನೇ? ಇಷ್ಟು ಹೇಳಿದ ಮೇಲೆ ಬೇಡಿಕೆಗಳನ್ನೂ ಇಟ್ಟುಬಿಡುತ್ತೇನೆ: ಮುಂದೆ ಪ್ರತಿ ಜೋಕನ್ನೂ ಮೊದಲು ಅವಳ ಒಪ್ಪಿಗೆಗೆ ಕಳಿಸತಕ್ಕದ್ದು, ಎದೆ ಬಲಹೀನವಾದ್ದರಿಂದ ಎರಡು ನಗೆಗಳ ನಡುವೆ ಅವಳನ್ನು ಕೂರಿಸಿ ಒಂದು ಬಟ್ಟಲು ಚಹಾ ಕೊಡತಕ್ಕದ್ದು, ಮತ್ತು ನಗುವ ಮೊದಲು ಜೋಕನ್ನು ತಿರುಗಿಸಿ ನೋಡಲು ಅವಳಿಗೆ ಬೇಕಾಗುತ್ತಿದ್ದ, ತಾವು ಕಿತ್ತುಕೊಂಡ ಆ ಎರಡು ಸೆಕೆಂಡುಗಳನ್ನು ಮರಳಿಸತಕ್ಕದ್ದು.

ಜನವರಿಯಲ್ಲಿ ನಾನು ಖುದ್ದಾಗಿ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಪ್ಯಾಸ್ಕೋ ಎಂಬ ತಮ್ಮ ತಂತ್ರಜ್ಞರೊಬ್ಬರು ಕನಿಕರಪಟ್ಟು ಕಪಾಟಿನ ಒಂದು ಖಾನೆ ಎಳೆದು ತೋರಿಸಿದರು. ಚೀಟಿಯ ಮೇಲೆ ಹೀಗಿತ್ತು: ‘ಸಂ. 47. ಹೆಂಗಸು. ಒಬ್ಬಳೇ.’ ಇವಳು ಯಾರೆಂದು ಗೊತ್ತಿಲ್ಲದೆ ಅವರು ಹೇಳಿದ್ದು: “ಓಹೋ, ನಲವತ್ತೇಳಾ? ನಮ್ಮ ಬಂಗಾರ ಅದು, ತಾತ. ಎಂಥಾ ಸತ್ತ ಜೋಕಿಗೆ ಹಾಕಿದ್ರೂ ಎದ್ದು ಕೂತ್ಕೊಳ್ಳುತ್ತೆ. ಗುಂಪಿನ್ ನಗು ಕತ್ತರ್ಸೋಕಾಗಲ್ಲ ನೋಡಿ, ಒಂದಕ್ಕೊಂದು ಅಂಟ್ಕೊಂಡಿರುತ್ತೆ. ಇವ್ಳು ಎಲ್ರೂ ಸುಮ್ನಾದ್ಮೇಲೆ ನಕ್ಕಿದಾಳೆ, ಅದಕ್ಕೇ ನೀಟಾಗಿ ಬಂತು. ಟೇಪ್ ಅಳಿಸೋಕ್ ಮುಂಚೆ ಐದಡಿ ಕತ್ತರ್ಸಿ ಇಟ್ಕೊಂಡ್ವಿ.” ಎಲ್ಲರ ಜೊತೆ ನಕ್ಕಿದ್ದರೆ ಎಲ್ಲರ ಜೊತೆಗೇ ಅವಳೂ ಗುಲಾಬಿ ಗಿಡಗಳ ಕೆಳಗೆ ಹೋಗಿಬಿಡುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಅವಳು ನನ್ನ ಹೆಂಡತಿ ಎಂದೆ. ಅವರ ಕೈ ಖಾನೆಯ ಮೇಲೇ ನಿಂತಿತು. ಒಮ್ಮೆ ಕೇಳಿಸುತ್ತೀರಾ ಎಂದೆ. “ಸಾಹೇಬ್ರ ಸಹಿ ಇಲ್ದೆ ಹೊರಗಿನವ್ರಿಗೆ ಕೇಳ್ಸೋ ಹಾಗಿಲ್ಲ, ತಾತ. ಸೋಮವಾರ ಏಳೂವರೆಗೆ ಹಾಕ್ತೀವಲ್ಲ, ದಯವಿಟ್ಟು ಆಗ ಕೇಳಿ” ಎಂದು ನೆಲ ನೋಡುತ್ತಾ ಹೇಳಿದರು.

ಕೇಳುತ್ತಿದ್ದೇನೆ, ಮಾನ್ಯರೇ. ಐದು ತಿಂಗಳಿಂದ ಒಂದು ಸೋಮವಾರವನ್ನೂ ತಪ್ಪಿಸಿಲ್ಲ. ಟ್ಯಾಪ್‌ಸ್ಕಾಟಮ್ಮನೂ ಬರುತ್ತಾರೆ. ಅತ್ತೆ ಕೆರೆಗೆ ಬೀಳಲಿ, ಅತ್ತೆಯ ಕಟ್ಟಿಸಿದ ಹಲ್ಲು ಸೂಪಿಗೆ ಬೀಳಲಿ, ನಾವು ತುಟಿ ಅಲುಗಿಸದೆ ಕಾಯುತ್ತೇವೆ. ಇಂಗ್ಲೆಂಡಿನಲ್ಲೇ ಅತ್ಯಂತ ನಿಷ್ಠಾವಂತ ಶ್ರೋತೃಗಳು ನಾವಿಬ್ಬರು.

ಈ ಪತ್ರವನ್ನು ಬರೆಯಲು ಕುಳಿತದ್ದು ನನ್ನ ಹೆಂಡತಿಯನ್ನು ಆ ಕೊಳಕು ಕಾರ್ಯಕ್ರಮದಿಂದ ಕೂಡಲೇ ಬಿಡುಗಡೆ ಮಾಡಬೇಕೆಂದು ಆಗ್ರಹಿಸುವುದಕ್ಕೆ. ಮೇಲಿನ ಪುಟಗಳನ್ನು ಬರೆದದ್ದೂ ಅದೇ ಆವೇಶದಲ್ಲಿ. ಅಷ್ಟರಲ್ಲಿ ಇಂದಿನ ಪತ್ರಿಕೆ ಬಂತು. ಶ್ರೋತೃಗಳಿಲ್ಲದ ಕಾರಣ ‘ಅತ್ತೆ’ಯನ್ನು ಈ ತಿಂಗಳ ಕೊನೆಗೆ ನಿಲ್ಲಿಸಲಾಗುವುದೆಂದೂ, ಇನ್ನು ಮುಂದೆ ಕಾರ್ಯಕ್ರಮಗಳಿಗೆ ನಿಜವಾದ ಸಭಿಕರನ್ನೇ ಕರೆಯುವುದರಿಂದ ನಗೆ ದಾಸ್ತಾನನ್ನು ಖಾಲಿ ಮಾಡಿ ಟೇಪುಗಳನ್ನು ಬೇರೆ ಕೆಲಸಕ್ಕೆ ಬಳಸಲಾಗುವುದೆಂದೂ ಅದರಲ್ಲಿದೆ. ಜಾಣತನದ ತೀರ್ಮಾನ. ನಾನು ಎರಡು ಪತ್ರ ಬರೆದು ಕೇಳಿದ್ದೂ ಇದನ್ನೇ.

ಆದ್ದರಿಂದ, ಮಾನ್ಯರೇ, ನನ್ನ ದೂರುಗಳನ್ನೆಲ್ಲ ಈ ಮೂಲಕ ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತೇನೆ. ತಮ್ಮ ‘ಅತ್ತೆ’ ಅಮೋಘ ಕಾರ್ಯಕ್ರಮ. ಅದು ನಿಲ್ಲಬಾರದು. ಅತ್ತೆಯನ್ನು ಇನ್ನೂ ಎತ್ತರದ ಏಣಿ ಹತ್ತಿಸಿ. ನನ್ನ ತಾಯಿಯ ಪರವಾಗಿ ನಾನೇ ಅಪ್ಪಣೆ ಕೊಡುತ್ತೇನೆ. ಡಾರ್ಕಸ್ ಹೊತ್ತಿಗೆ ಮುಂಚೆ ನಕ್ಕರೂ ಸರಿ, ಹೊಲಸು ಜೋಕಿಗೆ ನಕ್ಕರೂ ಸರಿ, ಅವಳು ನಗಲಿ. ನಿಲ್ಲಿಸಲೇಬೇಕಾದ ಪಕ್ಷದಲ್ಲಿ, ಖಾನೆ ಖಾಲಿ ಮಾಡುವ ದಿನ ಆ ಐದಡಿ ಟೇಪನ್ನು ಅಳಿಸುವ ಬದಲು ಒಂದು ಲಕೋಟೆಗೆ ಹಾಕಿ ಮೇಲಿನ ವಿಳಾಸಕ್ಕೆ ಕಳಿಸಿಕೊಡಿ. ತಮ್ಮ ಪುಸ್ತಕದಲ್ಲಿ ‘ನಾಶಪಡಿಸಲಾಗಿದೆ’ ಎಂದು ಬರೆದುಕೊಳ್ಳಿ. ಈ ಪತ್ರಿಕೆಯ ಓದುಗರ ಹೊರತು ಯಾರಿಗೂ ತಿಳಿಯುವುದಿಲ್ಲ. ಅದನ್ನು ಕೇಳಿಸುವ ಯಂತ್ರ ನನ್ನಲ್ಲಿಲ್ಲ. ಇಲ್ಲದಿದ್ದರೂ ಅಡ್ಡಿಯಿಲ್ಲ, ಅವಳು ಮನೆಗೆ ಬಂದರೆ ಸಾಕು.

ತಮ್ಮ ವಿಶ್ವಾಸಿ, ಮತ್ತು ಸೋಮವಾರಗಳ ಮಟ್ಟಿಗೆ ತಮ್ಮ ಋಣಿ,
ಹೋರೇಸ್ ಲಿಲ್ಲಿವೈಟ್

ಮರೆತ ಮಾತು: ಈ ಪತ್ರವನ್ನು ತಮ್ಮ ಯಾವುದಾದರೂ ಹಾಸ್ಯ ಕಾರ್ಯಕ್ರಮದಲ್ಲಿ ಓದಿಸುವ ಆಸೆ ತಮಗಾಗಬಹುದು, ನನ್ನ ಅಭ್ಯಂತರವಿಲ್ಲ. ಆದರೆ ಇದರಲ್ಲಿ ಎಲ್ಲಿ ನಗಬೇಕೆಂದು ದಯವಿಟ್ಟು ತಾವು ಗುರುತು ಹಾಕಬೇಡಿ. ಅದು ತಮಗೆ ತಿಳಿಯುವಂಥದ್ದಲ್ಲ, ಅವಳಿಗೇ ಬಿಡಿ.