ಹಳೇ ಮದ್ರಾಸ್ ರಸ್ತೆ ಮೇಲೆ ಇಳಿದ ವಿಮಾನಗಳು

ಮಂಜು ಕವಿದಾಗ ಪೈಲಟ್‌ಗಳ ಕಣ್ಣಿಗೆ ರಸ್ತೆಯೇ ರನ್‌ವೇ ಥರ ಕಾಣೋದು ಬೇರೆ ಕಡೆ ಎಲ್ಲೋ ಅಪರೂಪಕ್ಕೆ ನಡೆಯೋ ಸಂಗತಿ ಇರಬಹುದು. ನಮ್ಮಲ್ಲಿ ಮಾತ್ರ ಆಗಾಗ ಯಾರಾದರೊಬ್ಬರು ಹಳೇ ಮದ್ರಾಸ್ ರಸ್ತೆ ಮೇಲೆ ವಿಮಾನ ಇಳಿಸ್ತಾನೇ ಇರ್ತಾರೆ.

ಗಾಬರಿ ಬೇಡ. ಗರುಡಾಚಾರ್‌ಪಾಳ್ಯದ ಒಂದು ಷೆಡ್ಡಿನಲ್ಲಿ ಆರು ಕಾಲಿನ ಮೇಲೆ ನಿಂತ ದೊಡ್ಡ ಡಬ್ಬ ಒಂದಿದೆ. ಅದಕ್ಕೆ ಸಿಮ್ಯುಲೇಟರ್ ಅಂತಾರೆ. ಒಳಗೆ ಕೂತರೆ ಥೇಟ್ ವಿಮಾನದ ಮೂತಿ. ಕಿಟಕಿಯಾಚೆ ಕಾಣೋ ಆಕಾಶ, ನೆಲ ಎಲ್ಲಾ ಕಂಪ್ಯೂಟರ್ ಚಿತ್ರ. ಪೈಲಟ್‌ಗಳು ಅದರಲ್ಲಿ ಕೂತು ಕಲೀತಾರೆ. ಅವರ ಬೆನ್ನ ಹಿಂದೆ ಕೂತು ಮಂಜು, ಮಳೆ, ಗಾಳಿ ಬಿಡೋನು ನಾನು. ಹೊಸಕೋಟೆ ಆಚೆ ಹಳ್ಳಿಯವನು. ನಮ್ಮೂರಲ್ಲಿ ಮಳೆ ಬೇಕಾದ್ರೆ ದೇವರನ್ನ ಕೇಳ್ತಾರೆ, ಇಲ್ಲಿ ನನ್ನನ್ನ ಕೇಳ್ತಾರೆ.

ಆ ಚಿತ್ರಗಳನ್ನ ಬಿಡಿಸೋನೂ ನಾನೇ. ರನ್‌ವೇ ಪಕ್ಕ ಒಂದು ರಸ್ತೆ ಹಾಕು ಅಂದ್ರು. ದಿನಾ ಓಡಾಡೋ ಹಳೇ ಮದ್ರಾಸ್ ರಸ್ತೆಯನ್ನೇ ಹಾಕಿದೆ. ನೆಟ್ಟಗೆ, ಎರಡೂ ಕಡೆ ದೀಪ, ನಡುವೆ ಬಿಳಿ ಗೆರೆ. ನಾನೇ ಹೇಳಿಕೋಬಾರದು, ಆದ್ರೂ ಹೇಳ್ತೀನಿ: ಅಂಥ ರಸ್ತೆ ಈ ಊರಲ್ಲಿ ಯಾವ ಕಂಟ್ರಾಕ್ಟರೂ ಹಾಕಿಲ್ಲ. ಆ ಚೆಂದವೇ ನನ್ನ ಕೆಲಸಕ್ಕೆ ಕುತ್ತು ತಂತು. ಉಳಿಸಿದವರನ್ನ ನೆನೆಸ್ಕೊಂಡು ಇದನ್ನ ಬರೀತಿದೀನಿ.

ಮನೆ ಹತ್ರ ಇಳಿಸಿದವನು

ನನ್ನ ರಸ್ತೆಗೆ ಮೊದಲ ಬೋಣಿ ಮಾಡಿದವನು ಹುಬ್ಬಳ್ಳಿಯಿಂದ ಕಲಿಯಕ್ಕೆ ಬಂದಿದ್ದ ಹುಡುಗ. ಕಲಿಸೋರು ನಮ್ಮ ಕ್ಯಾಪ್ಟನ್. ಇಂದಿರಾನಗರದಲ್ಲಿ ಮನೆ, ರಿಟೈರಾಗಿದ್ರೂ ಗಂಟಲು ರಿಟೈರಾಗಿಲ್ಲ. ದಾರಿ ತೋರಿಸೋ ಉಪಕರಣ ಕೆಟ್ಟಿದೆ ಅಂದ್ಕೊಂಡು ಬರೀ ಕಣ್ಣಲ್ಲೇ ರನ್‌ವೇ ಹುಡುಕಿ ಇಳಿಸಬೇಕು ಅಂತ ಪಾಠ. ಕ್ಯಾಪ್ಟನ್ ಸನ್ನೆ ಮಾಡಿದ್ರು, ನಾನು ಮಂಜು ಬಿಟ್ಟೆ. ಹುಡುಗ ಒಂದು ಚೂರೂ ಅಲುಗಾಡದ ಹಾಗೆ ಇಳಿಸಿದ.

"ಹೂವಿನಂಗ ಇಳೀತ್ರಿ ಸರ್!" ಅಂತ ಹಿಂದೆ ತಿರುಗಿ ಹಲ್ಲುಬಿಟ್ಟ.

"ಹೂವಿನ ಥರಾನೇ ಇಳಿಸಿದೆ ಕಣಯ್ಯಾ. ಈಗ ಬಲಗಡೆ ನೋಡು, ಏನ್ ಕಾಣುತ್ತೆ?"

ನಾನು ಮಂಜು ತೆಗೆದೆ. ಹುಡುಗ ಬಗ್ಗಿ ನೋಡಿದ. ದನಿ ಸಣ್ಣಗಾಯ್ತು. "ಬಸ್ ಸ್ಟಾಪ್ ಐತ್ರಿ."

"ಒಳ್ಳೇದಾಯ್ತು ಬಿಡು. ಪ್ಯಾಸೆಂಜರ್‌ಗಳಿಗೆ ಟ್ಯಾಕ್ಸಿ ಖರ್ಚು ಉಳೀತು."

ಹೊಸಕೋಟೆಗೂ ಬಂತಾ?

ಕಲಿಯೋ ಹುಡುಗ ಬಿಡಿ. ಮುಂದಿನ ಸಲ ಇಳಿಸಿದವರು ತಲೆ ನರೆತ ಹಿರಿಯ ಪೈಲಟ್. ಅಭ್ಯಾಸ ತಪ್ಪಬಾರದು ಅಂತ ಬಂದವರು. ಮಂಜಲ್ಲಿ ರನ್‌ವೇ ಬಿಟ್ಟು ನೆಟ್ಟಗೆ ನನ್ನ ರಸ್ತೆಗೇ ಬಂದ್ರು. ಗೌರವದಿಂದಲೇ ಅಂದೆ, "ಸರ್, ಇದು ರೋಡು."

"ಏನ್ರೀ ನೀವು? ನಾನು ಹಾರಿಸಕ್ಕೆ ಶುರು ಮಾಡಿದಾಗ ನೀವಿನ್ನೂ ಹುಟ್ಟಿರಲಿಲ್ಲ. ಇದು ರನ್‌ವೇ."

ಮಂಜು ಪೂರ್ತಿ ತೆಗೆದೆ. ಎದುರಿಗೆ ನಾನೇ ಬರೆದ ಹಸಿರು ಬೋರ್ಡು: ಹೊಸಕೋಟೆ, ಅದರ ಪಕ್ಕ ಬಾಣದ ಗುರುತು. ಅವರು ಅದನ್ನ ಎರಡು ಸಲ ಓದಿದ್ರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ್ರು. ಕೊನೆಗೆ ಕ್ಯಾಪ್ಟನ್ ಕಡೆ ತಿರುಗಿ, "ಹೊಸಕೋಟೆಗೂ ಏರ್‌ಪೋರ್ಟ್ ಬಂತಾ? ನಂಗ್ಯಾರೂ ಹೇಳಲೇ ಇಲ್ಲ!" ಅಂದ್ರು.

ಮೇಡಂ ಕರೆದ್ರು

ಆಮೇಲೆ ಆ ಹಿರಿಯರು ಹೋಗಿ ನಮ್ಮ ಮ್ಯಾನೇಜರ್ ಮೇಡಂ ಹತ್ರ ದೂರು ಹೇಳಿದ್ರು. ಮೇಡಂ ನನ್ನ ಕರೆಸಿದ್ರು.

"ನೋಡಪ್ಪಾ, ದಸರಾ ಮುಗಿದ ಮೇಲೆ ವಿಮಾನಯಾನ ಇಲಾಖೆಯ ಇನ್‌ಸ್ಪೆಕ್ಟರ್ ಬರ್ತಾರೆ, ಅವರೂ ಪೈಲಟ್ಟೇ. ಈ ಮಿಷನ್ ಸರಿ ಇದೆ ಅಂತ ಅವರು ಒಪ್ಪಬೇಕು. ಅವರ ಮುಂದೆ ಯಾರಾದ್ರೂ ನಿನ್ನ ರೋಡಿಗೆ ಇಳಿಸಿದ್ರೆ ಚಿತ್ರವೇ ತಪ್ಪು ಅಂತಾರೆ. ಆಗ ನೀನು ಅದೇ ರೋಡಲ್ಲಿ ಊರಿಗೆ ಹೋಗು. ಇಲ್ಲಾಂದ್ರೆ ಇವತ್ತೇ ಅಳಿಸ್ಬಿಡು."

ನನಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಊರಲ್ಲೆಲ್ಲಾ "ವಿಮಾನಗಳು ನಾನು ಹೇಳಿದಂಗೆ ಕೇಳ್ತವೆ" ಅಂತ ಹೇಳ್ಕೊಂಡು ಬಂದಿದ್ದೆ. ಯಾವ ಮುಖ ಇಟ್ಕೊಂಡು ವಾಪಸ್ ಹೋಗ್ಲಿ?

ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್ ಒಳಗೆ ಬಂದ್ರು. "ಅಳಿಸಬೇಡಿ ಮೇಡಂ. ಇಲ್ಲಿ ರೋಡಿಗೆ ಇಳಿಸಿ ಬೈಸ್ಕೊಂಡವನು ನಿಜವಾದ ಮಂಜಲ್ಲಿ ಇಳಿಸಲ್ಲ. ಈ ಹುಡುಗನಿಗೆ ಬಾಯಿ ಜಾಸ್ತಿ, ಆದ್ರೆ ರೋಡು ಸರಿಯಾಗಿ ಹಾಕಿದಾನೆ."

ನನ್ನಪ್ಪ ಕೂಡ ನನ್ನ ಪರ ಹಾಗೆ ಮಾತಾಡಿಲ್ಲ. ಕಣ್ಣು ಒದ್ದೆಯಾಯ್ತು. ಅಷ್ಟರಲ್ಲಿ ಮೇಡಂ ಅಂದ್ರು: "ಸರಿ, ಇರಲಿ. ಆದ್ರೆ ಯಾರಾದ್ರೂ ಇಳಿಸಿದ್ರೆ, ಕ್ಯಾಪ್ಟನ್, ನೀವೂ ಇವನ ಜೊತೆ ಹೊಸಕೋಟೆಗೆ!"

ಕುಂಬಳಕಾಯಿ

ಆಯುಧಪೂಜೆ ಬಂತು. ಇಷ್ಟೆಲ್ಲಾ ಆಗಿದೆ, ದೃಷ್ಟಿ ತೆಗೀಲೇಬೇಕು ಅಂದ್ರು ಎಲ್ಲರೂ. ಚಕ್ರದ ಕೆಳಗೆ ನಿಂಬೆಹಣ್ಣು ಇಡೋಣ ಅಂದ್ರೆ ನಮ್ಮ ಡಬ್ಬಕ್ಕೆ ಚಕ್ರವೇ ಇಲ್ಲ. ಬೂದುಗುಂಬಳ ಒಡೆಯೋಣ ಅಂದ್ರೆ ಕರೆಂಟಿನ ಮಿಷನ್ ಹತ್ರ ನೀರು ಸಿಡಿಯುತ್ತೆ ಅಂತ ಮೇಡಂ ಬಿಡಲಿಲ್ಲ. ಬಿಡ್ತೀನಾ ನಾನು? ಕಂಪ್ಯೂಟರಲ್ಲೇ ರನ್‌ವೇ ತುದಿಗೆ ನಾಲ್ಕು ನಿಂಬೆಹಣ್ಣು, ಕುಂಕುಮ ಹಚ್ಚಿ ಒಡೆದ ಒಂದು ಕುಂಬಳಕಾಯಿ ಬಿಡಿಸಿ ಮಂಗಳಾರತಿ ಮಾಡಿಸಿದೆ.

ರಜೆ ಮುಗಿದ ಮೇಲೆ ಅಳಿಸೋದು ಮರೆತೆ. ಹುಬ್ಬಳ್ಳಿ ಹುಡುಗ ವಿಮಾನ ಓಡಿಸಿದವನು ಥಟ್ಟನೆ ಬ್ರೇಕ್ ಹಾಕಿ ರೇಡಿಯೋದಲ್ಲಿ ಕೂಗಿದ: "ಟವರ್, ರನ್‌ವೇ ಮ್ಯಾಲೆ ಯಾರೋ ಕುಂಬಳಕಾಯಿ ಒಡದಾರ್ರೀ!"

ಹಿಂದೆ ಕೂತು ಕಂಟ್ರೋಲ್ ಟವರಿನವರ ಹಾಗೆ ಉತ್ತರ ಕೊಡೋರೂ ಕ್ಯಾಪ್ಟನ್ನೇ. ಗಂಭೀರವಾಗಿ ಹೇಳಿದ್ರು: "ನೋಡಿದೀವಿ. ತುಳೀಬೇಡಿ, ಪಕ್ಕದಿಂದ ಹೋಗಿ."

ಹಲಸೂರಿನ ಸಲಹೆ

ಇನ್‌ಸ್ಪೆಕ್ಟರ್ ಮುಂದೆ ಹಾರಿಸಬೇಕಾಗಿದ್ದವಳು ಹಲಸೂರಿನ ಹುಡುಗಿ. ದಿನಾ ಸ್ಕೂಟರಲ್ಲಿ ಬರ್ತಿದ್ದಳು, ನನ್ನದೇ ವಯಸ್ಸು. ಬೇಡಿಕೊಂಡೆ: "ನೀನಾದ್ರೂ ನನ್ನ ರೋಡಿಗೆ ಇಳಿಸಬೇಡ ತಾಯಿ."

"ನಿಂದೇ ತಪ್ಪು ಮಗಾ. ಗುಂಡಿ ಇಲ್ಲ, ಟ್ರಾಫಿಕ್ ಇಲ್ಲ. ಅಂಥ ರೋಡು ಕಂಡ್ರೆ ಯಾರಿಗೆ ಆಸೆ ಆಗಲ್ಲ ಹೇಳು?"

ಅವತ್ತೇ ಕೂತು ಗುಂಡಿ ತೋಡಿದೆ, ಹಂಪ್ ಹಾಕಿದೆ. ಒಂದು ನೀರಿನ ಟ್ಯಾಂಕರನ್ನ ರಾಂಗ್ ಸೈಡಲ್ಲಿ, ಹೈ ಬೀಮ್ ಹಾಕಿಸಿ ಓಡಿಸಿದೆ.

ಇನ್‌ಸ್ಪೆಕ್ಟರ್ ಬಂದ್ರು

ಅವರು ತಾವೇ ಕಾರು ಓಡಿಸ್ಕೊಂಡು, ಕೆ.ಆರ್. ಪುರದ ತೂಗುಸೇತುವೆ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡು, ಮುಖ ಕೆಂಪಗೆ ಮಾಡ್ಕೊಂಡು ಬಂದ್ರು. ಹುಡುಗಿ ಕೂತಳು. ಮಂಜು ಬಿಟ್ಟೆ. ವಿಮಾನ ರಸ್ತೆ ಕಡೆ ವಾಲಿತು. ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡ್ರು. ಅಷ್ಟರಲ್ಲಿ ಎದುರಿಂದ ಎರಡು ದೀಪ ಕಣ್ಣಿಗೆ ಹೊಡೆದವು. ಹುಡುಗಿ ಮೂತಿ ಮೇಲೆತ್ತಿ, ಸುತ್ತು ಹಾಕಿ ಬಂದು ರನ್‌ವೇ ಮೇಲೇ ಇಳಿಸಿದಳು.

"ರೋಡು ಅಂತ ಹೇಗೆ ಗೊತ್ತಾಯ್ತು?" ಅಂದ್ರು ಇನ್‌ಸ್ಪೆಕ್ಟರ್.

"ರನ್‌ವೇನಲ್ಲಿ ಯಾರೂ ರಾಂಗ್ ಸೈಡಲ್ಲಿ ಬರಲ್ಲ ಸರ್."

ಅಲ್ಲಿಗೆ ಮುಗೀಬೇಕಿತ್ತು. ಇನ್‌ಸ್ಪೆಕ್ಟರಿಗೆ ಆಸೆ ಆಯ್ತು. "ಏಳಮ್ಮಾ, ನಾನೊಂದು ಸಲ ನೋಡ್ತೀನಿ" ಅಂತ ಕೂತ್ರು. ಮತ್ತೆ ಮಂಜು. ವಿಮಾನ ನೆಟ್ಟಗೆ ನನ್ನ ರಸ್ತೆಗೇ ಇಳೀತಾ ಬಂತು. ಎದುರಿಗೆ ಟ್ಯಾಂಕರ್! ಅದನ್ನ ಕಂಡಿದ್ದೇ ಅವರೊಳಗಿನ ಪೈಲಟ್ ಮಾಯವಾಗಿ, ಬೆಳಿಗ್ಗೆ ತೂಗುಸೇತುವೆ ಹತ್ರ ಒದ್ದಾಡಿದ ಡ್ರೈವರ್ ಎದ್ದು ಕೂತ. ಹೆಬ್ಬೆರಳಿಂದ ಹಾರ್ನ್ ಒತ್ತಿದ್ರು!

ವಿಮಾನದಲ್ಲಿ ಹಾರ್ನ್ ಎಲ್ಲಿಂದ ಬರ್ಬೇಕು? ಆ ಜಾಗದಲ್ಲಿ ಇರೋದು ವಿಮಾನವನ್ನ ತಾನೇ ಹಾರಿಸೋ ಆಟೋಪೈಲಟ್ಟನ್ನ ಆಫ್ ಮಾಡೋ ಬಟನ್. ಒತ್ತಿದ ಕೂಡಲೇ ಎಚ್ಚರಿಕೆಯ ಸದ್ದು ಪೇಂ ಪೇಂ ಅಂತ ಹೊಡ್ಕೊಳ್ತು. ಇನ್‌ಸ್ಪೆಕ್ಟರ್ ಮತ್ತೆ ಒತ್ತಿದ್ರು. ಡಿಕ್ಕಿ ಆದ್ರೆ ಪರದೆ ಕೆಂಪಾಗಿ ಮಿಷನ್ ನಿಂತುಹೋಗುತ್ತೆ, ಅದರ ಜೊತೆ ನನ್ನ ಕೆಲಸವೂ. ಹಿಂದಿನಿಂದ ಮೆಲ್ಲಗೆ ಟ್ಯಾಂಕರನ್ನ ಎಳೆದು ಪಕ್ಕಕ್ಕೆ ಹಾಕಿದೆ. ವಿಮಾನ ಹಂಪ್ ಮೇಲೆ ಧಡ್ ಅಂತ ಹಾರಿ, ಬಸ್ ಸ್ಟಾಪ್ ಮುಂದೆ ನಿಂತಿತು.

ನಗು ತಡೆದುಕೊಂಡ ಕ್ಯಾಪ್ಟನ್‌ಗೆ, ಕಾಲ್ಬೆರಳು ನೋಡ್ತಾ ನಿಂತ ಹಲಸೂರಿನವಳಿಗೆ, ಆಗ ಪುಣ್ಯಕ್ಕೆ ಹೊರಗಿದ್ದ ಹುಬ್ಬಳ್ಳಿಯವನಿಗೆ ನಾನು ಈಗಲೂ ಋಣಿ. ಒಬ್ಬರು ಕಿಸಕ್ ಅಂದಿದ್ರೂ ನಾನು ಊರಲ್ಲಿರ್ತಿದ್ದೆ.

ಇನ್‌ಸ್ಪೆಕ್ಟರ್ ಬೆಲ್ಟ್ ಬಿಚ್ಚಿ ಎದ್ದು ನಿಂತ್ರು. "ನನ್ನನ್ನೇ ಇಳಿಸಿಕೊಳ್ತು ಅಂದ್ಮೇಲೆ ಈ ರೋಡು ಎಲ್ಲರಿಗೂ ಪಾಠ. ಇರಲಿ. ಬಿಡಿಸಿದೋರು ಯಾರು?"

ಕೈ ಎತ್ತಿದೆ.

"ಒಂದೇ ಒಂದು ತಪ್ಪಿದೆ."

ಎತ್ತಿದ ಕೈ ಇಳಿಸಿದೆ.

"ಹಾರ್ನ್ ಹೊಡೆದ ತಕ್ಷಣ ಟ್ಯಾಂಕರ್‌ನವನು ಸೈಡ್ ಕೊಟ್ಟ. ಯಾವ ಊರಲ್ರೀ ಕೊಡ್ತಾರೆ? ಮೊದಲು ಅದನ್ನ ಸರಿ ಮಾಡಿ!"